ಸುಂಕದವನ ಮುಂದೆ ಸುಖದುಃಖ

ನನ್ನ ತವರು ಭದ್ರಾವತಿ, ಸೇರಿದ ಮನೆ ಶಿವಮೊಗ್ಗ. ನಾನು ಚಿಕ್ಕವಳಿದ್ದಾಗ ಊರ ಬಾಗಿಲಲ್ಲಿ ಆಕ್ಟ್ರಾಯ್ ಗೇಟು ಇತ್ತು. ಅಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಗಾಂಧಿ ಬಜಾರಿನಲ್ಲಿ ಕೊಂಡ ಸಾಮಾನಿನ ಚೀಲವನ್ನು ಅಮ್ಮ ಬಸ್ಸಿನಲ್ಲಿ ಕಾಲ ಬಳಿ ಸರಿಸಿಕೊಂಡು, ಮೇಲೆ ಸೆರಗು ಹರಡಿ ಕೂರುತ್ತಿದ್ದಳು. ಮನೆಗೆ ಒಯ್ಯುವ ಇಷ್ಟು ಬೇಳೆಗೆ ಯಾರೂ ಸುಂಕ ಕೇಳುವುದಿಲ್ಲ ಎಂದು ಅಪ್ಪ ಎಷ್ಟು ಹೇಳಿದರೂ ಅವಳು ನಂಬುತ್ತಿರಲಿಲ್ಲ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳೋಕಾಗುತ್ತಾ?’ ಎನ್ನುತ್ತಿದ್ದಳು.

1979 ರಲ್ಲಿ ಕರ್ನಾಟಕದಲ್ಲಿ ಆಕ್ಟ್ರಾಯ್ ರದ್ದಾಯಿತು. ಎಲ್ಲರಿಗೂ ಸಂತೋಷವೇ. ಆದರೆ ತೆರಿಗೆ ಹೋಗಲಿಲ್ಲ, ವಿಳಾಸ ಬದಲಾಯಿಸಿತು. ಅದೇ ವರ್ಷ ಸರಕುಗಳ ಪ್ರವೇಶ ತೆರಿಗೆಯ ಕಾಯಿದೆ ಬಂತು. ಊರ ಬಾಗಿಲಲ್ಲಿ ಊರಿಗೇ ಸಂದಾಯವಾಗುತ್ತಿದ್ದ ಹಣ ಬೆಂಗಳೂರಿಗೆ ಹೋಗಿ, ಅಲ್ಲಿಂದ ಅನುದಾನವೆಂಬ ಹೆಸರಿನಲ್ಲಿ ವಾಪಸು ಬರತೊಡಗಿತು. 2017 ರ ಜುಲೈ 1 ರಂದು ಪ್ರವೇಶ ತೆರಿಗೆಯನ್ನೂ ಜಿ.ಎಸ್.ಟಿ. ನುಂಗಿತು. ಈಗ ರಾಜ್ಯದೊಳಗೆ ಕೊಂಡ ಒಂದು ಸೋಪಿನ ತೆರಿಗೆಯಲ್ಲಿ ಅರ್ಧ ದೆಹಲಿಗೆ, ಅರ್ಧ ಬೆಂಗಳೂರಿಗೆ. ಸೋಪು ಕರಗಿದ ನೀರು ಹರಿಯುವ ಚರಂಡಿ ಮಾತ್ರ ನಮ್ಮ ಊರಿನದು. ಮುಂಬಯಿ ತನ್ನ ಆಕ್ಟ್ರಾಯ್ ಬಿಟ್ಟುಕೊಟ್ಟಾಗ ಅದರ ಬದಲಿ ಹಣ ಪ್ರತಿ ತಿಂಗಳೂ ಬರಲಿ ಎಂದು ಮಹಾರಾಷ್ಟ್ರ ಕಾನೂನನ್ನೇ ಮಾಡಿತು. ನಮ್ಮಂಥ ಊರುಗಳು ಕೈಯೊಡ್ಡಿ ನಿಲ್ಲುತ್ತವೆ.

ಹಾಗಾಗಿ ‘ಊರಿನ ಕೆಲಸಗಳಿಗೆ ಸ್ವಲ್ಪ ಕಾಲದ ಮಟ್ಟಿಗೆ ಇನ್ನೊಂದಿಷ್ಟು ತೆರಿಗೆ ಹಾಕಿದರೆ ತಪ್ಪೇನು?’ ಎಂದು ಕೆಲವರು ಕೇಳುತ್ತಾರೆ. ತಪ್ಪಿಲ್ಲ. ಆದರೆ ‘ಸ್ವಲ್ಪ ಕಾಲ’ ಎಂಬ ಮಾತನ್ನು ನಾನು ನಂಬುವುದಿಲ್ಲ. 1860 ರಲ್ಲಿ ಜೇಮ್ಸ್ ವಿಲ್ಸನ್ ಎಂಬ ದೊರೆ, ದಂಗೆಯ ಸಾಲ ತೀರಿಸಲು ಐದು ವರ್ಷದ ಮಟ್ಟಿಗೆಂದು ಆದಾಯ ತೆರಿಗೆ ತಂದ. ಅದು ಒಮ್ಮೆ ಹೋಗಿ, ಮತ್ತೆ ಬಂದು, ಇಂದಿಗೂ ನಮ್ಮ ಜೊತೆಗಿದೆ. ಜಿ.ಎಸ್.ಟಿ.ಯ ಪರಿಹಾರ ಸೆಸ್ಸಿಗೂ ಐದೇ ವರ್ಷವೆಂದಿದ್ದರು. 2022 ಕ್ಕೆ ಮುಗಿಯಬೇಕಾದದ್ದನ್ನು 2026 ರ ಮಾರ್ಚ್‌ವರೆಗೆ ಎಳೆದರು. 2025 ರ ಸೆಪ್ಟೆಂಬರ್ 22 ರಿಂದ ತಂಬಾಕಿನಂಥವನ್ನು ಬಿಟ್ಟು ಉಳಿದವಕ್ಕೆ ಅದನ್ನು ತೆಗೆದರು. ನೆಂಟರು ನಾಲ್ಕು ದಿನಕ್ಕೆಂದು ಬಂದು ಆಷಾಢ ಕಳೆದು ಹೊರಟ ಹಾಗಾಯಿತು. 2024 ರ ಜೂನ್‌ನಲ್ಲಿ ರಾಜ್ಯ ಸರಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92 ರಿಂದ 29.84 ಕ್ಕೆ ಏರಿಸಿತಲ್ಲ, ಅದಕ್ಕೆ ಮುಗಿಯುವ ತಾರೀಖನ್ನೇ ಹೇಳಲಿಲ್ಲ.

ಹೆಸರಿಟ್ಟು ಎತ್ತಿದ ಹಣವಾದರೂ ಆ ಹೆಸರಿಗೆ ಸಲ್ಲುತ್ತದೆಯೆ? ಮನೆ ಕಂದಾಯದ ರಸೀದಿಯನ್ನು ಗಂಡಸರ ಕಾಗದವೆಂದು ಬೀರುವಿಗೆ ತಳ್ಳದೆ ಒಮ್ಮೆ ಓದಿ ನೋಡಿ. ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಪುನರ್ವಸತಿಗೆಂದು ಶೇ. 3. ಈ ಗ್ರಂಥಾಲಯ ಕರಕ್ಕೆ 1965 ರ ಕಾಯಿದೆಯೇ ಇದೆ. ಆದರೂ ಬೆಂಗಳೂರಿನಲ್ಲಿ ಹಾಗೆ ವಸೂಲಾದ ನೂರಾರು ಕೋಟಿ ರೂಪಾಯಿ ಗ್ರಂಥಾಲಯಗಳಿಗೆ ಸಲ್ಲದೆ ಬಾಕಿ ಉಳಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ! ಮಗಳ ಫೀಜಿಗೆಂದು ತೆಗೆದಿಟ್ಟ ದುಡ್ಡನ್ನು ಹಬ್ಬಕ್ಕೆ ಖರ್ಚು ಮಾಡಿದರೆ ಮನೆಯಲ್ಲಿ ನಮ್ಮನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೆ?

ಇನ್ನೊಂದು ಮಾತು. ಮಾರಾಟದ ಮೇಲಿನ ತೆರಿಗೆ ಹೆಚ್ಚಾಗಿ ಹುಟ್ಟುವುದು ಅಡಿಗೆಮನೆ, ಬಚ್ಚಲುಮನೆಗಳಲ್ಲಿ. ಮುಟ್ಟಿನ ಪ್ಯಾಡಿನ ಮೇಲೂ 2017 ರಲ್ಲಿ ಶೇ. 12 ಹಾಕಿದ್ದರು. ದೇಶದ ಹೆಣ್ಣುಮಕ್ಕಳು ಕೂಗಾಡಿದ ಮೇಲೆ, ಒಂದು ವರ್ಷ ಕಳೆದು, ಅದನ್ನು ತೆಗೆದರು. ಭದ್ರಾವತಿಯ ಕಾಗದ ಕಾರ್ಖಾನೆಯನ್ನೇ ನೋಡಿ. 1937 ರಲ್ಲಿ ಹುಟ್ಟಿದ ಎಂ.ಪಿ.ಎಂ. 2015 ರಲ್ಲಿ ಉತ್ಪಾದನೆ ನಿಲ್ಲಿಸಿತು. ಸಂಬಳ ನಿಂತ ಮನೆಯ ಹೆಂಗಸೂ, ನಾಲ್ಕು ಮಹಡಿಯ ಅಂಗಡಿಯ ಯಜಮಾನಿಯೂ ಒಂದು ಸೋಪಿಗೆ ತೆತ್ತದ್ದು ಒಂದೇ ತೆರಿಗೆ. 2025 ರ ಸೆಪ್ಟೆಂಬರ್‌ವರೆಗೆ ಅದು ಶೇ. 18 ಇತ್ತು. ಊರಿಗೆ ಹಣ ಬೇಕಾದರೆ ಮೊದಲು ದೊಡ್ಡ ಕಟ್ಟಡಗಳ ಕಂದಾಯವನ್ನು ಸರಿಯಾಗಿ ಎತ್ತಲಿ, ಆಮೇಲೆ ನಮ್ಮ ಬೇಳೆಯ ಡಬ್ಬಕ್ಕೆ ಕೈ ಹಾಕಲಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ನಗರ ತನ್ನ ಮಾರಾಟ ತೆರಿಗೆಯನ್ನು ಏರಿಸಬೇಕಾದರೆ ಊರವರ ಮತ ಕೇಳಬೇಕು. ಎಷ್ಟೋ ಕಡೆ ಇಷ್ಟು ವರ್ಷಕ್ಕೆ ಮುಗಿಯುತ್ತದೆಂದು ಮತಪತ್ರದಲ್ಲೇ ಬರೆದಿರುತ್ತಾರೆ. ನಮ್ಮಲ್ಲಿ? ಶಿವಮೊಗ್ಗ 2013 ರಲ್ಲಿ ಮಹಾನಗರ ಪಾಲಿಕೆಯಾಯಿತು. 2023 ರಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ಚುನಾವಣೆಯಿಲ್ಲದೆ, ಆಡಳಿತಾಧಿಕಾರಿಗಳ ಕೈಯಲ್ಲೇ ವರ್ಷ ಉರುಳಿತು. ಕಂದಾಯಕ್ಕೆ ಮಾತ್ರ ಬಿಡುವಿರಲಿಲ್ಲ. ಕೊಡುವವರ ಪರವಾಗಿ ಕೇಳಲು ವಾರ್ಡಿನ ಸದಸ್ಯೆಯೇ ಇಲ್ಲದ ಊರಿನಲ್ಲಿ ತೆರಿಗೆ ಏರಿಸುವ ಮಾತಾಡಲು ಯಾರಿಗೂ ಮುಖವಿರಬಾರದು.

ನಾನು ತೆರಿಗೆಯ ವಿರೋಧಿಯಲ್ಲ. ಮಾರುಕಟ್ಟೆಯಲ್ಲಿ ಹೆಂಗಸರಿಗೊಂದು ಚೊಕ್ಕ ಶೌಚಾಲಯ, ಸಂಜೆ ನಡೆದು ಬರಲು ಬೀದಿದೀಪ, ಮಕ್ಕಳಿಗೊಂದು ವಾಚನಾಲಯ: ಇವು ಪುಕ್ಕಟೆ ಬರುವುದಿಲ್ಲವೆಂದು ಸಂಸಾರ ತೂಗಿಸಿದ ನಮಗೆ ಗೊತ್ತು. ಆದರೆ ಕೊಡುವ ಮೊದಲು ಮೂರು ಮಾತು ಕೇಳೋಣ. ಯಾವ ಕೆಲಸಕ್ಕೆ? ಯಾವ ತಾರೀಖಿನವರೆಗೆ? ಲೆಕ್ಕವನ್ನು ವಾರ್ಡಿನ ಗೋಡೆಗೆ ಯಾರು ಅಂಟಿಸುತ್ತಾರೆ? ಈ ಮೂರಕ್ಕೂ ಉತ್ತರ ಬರೆದುಕೊಟ್ಟರೆ ನಾನೇ ಮೊದಲು ಹೋಗಿ ಕಟ್ಟುತ್ತೇನೆ. ಕೊಡದಿದ್ದರೆ ಬೇಡವೆಂದು ಬಾಯಿಬಿಟ್ಟು ಹೇಳುತ್ತೇನೆ. ಅಮ್ಮನ ಹಾಗೆ ಚೀಲದ ಮೇಲೆ ಸೆರಗು ಹರಡಿ ಕೂರುವುದು ನನ್ನಿಂದಾಗದು.