ಖಜಾಂಚಿಯ ಪುಸ್ತಕ

ಭಟ್ಕಳದ ಪೇಟೆಯನ್ನು ಬಿಟ್ಟು ಕಡಲಿನ ಕಡೆಗೆ ಸಾಗಿದರೆ, ತೆಂಗಿನ ಮರಗಳ ನಡುವಿನ ದಾರಿ ತೆಂಗಿನಗುಂಡಿಯ ಮೀನುಗಾರಿಕೆಯ ಬಂದರಿಗೆ ಒಯ್ಯುತ್ತದೆ. ದೋಣಿಗಳು ದಡ ಸೇರಿ, ಬಲೆಗಳನ್ನು ಹರಡಿ, ದಿನದ ಮೀನಿನ ಲೆಕ್ಕ ಮುಗಿದ ಮೇಲೆ ಈ ಕರಾವಳಿಯ ಊರುಗಳಲ್ಲಿ ತರುಣರು ಒಂದೆಡೆ ನೆರೆಯುವುದುಂಟು. ಒಬ್ಬನು ಹಿಮ್ಮಡಿಯಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಾನೆ. ಉದ್ದ 13 ಮೀಟರು, ಅಗಲ 10 ಮೀಟರು, ಮಧ್ಯದಲ್ಲಿ ಇನ್ನೊಂದು ಗೆರೆ. ಅಷ್ಟಾದರೆ ಅಂಕಣ ಸಿದ್ಧವಾಯಿತು. ಆ ಕಡೆ ಏಳು ಮಂದಿ, ಈ ಕಡೆ ಏಳು ಮಂದಿ. ನಡುವೆ ‘ಕಬಡ್ಡಿ, ಕಬಡ್ಡಿ’ ಎಂಬ ಒಂದೇ ಉಸಿರು.

ಚೆಂಡು ಬೇಡ, ದಾಂಡು ಬೇಡ, ಬಲೆಯೂ ಬೇಡ. ಆದುದರಿಂದ ಕಬಡ್ಡಿಯು ಕಾಸಿಲ್ಲದವರ ಆಟವೆಂಬ ಮಾತು ರೂಢಿಯಲ್ಲಿದೆ. ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಒಂದು ಸಂಜೆ ಆಡುವುದಕ್ಕೆ ಹಣ ಬೇಕಾಗಿಲ್ಲ. ಹತ್ತು ವರ್ಷ ಆಡಿಸುವುದಕ್ಕೆ ಬೇಕು. ಈ ಎರಡರ ನಡುವಣ ಅಂತರವನ್ನು ಬಲ್ಲವನು ಊರಿನಲ್ಲಿ ಒಬ್ಬನೇ: ಸಂಘದ ಖಜಾಂಚಿ.

ನಗರವಾಸಿಗಳಾದ ಓದುಗರಿಗೆ ಕಬಡ್ಡಿಯು ಇಂದು ಹೊಸದಲ್ಲ. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡೆಗಳಲ್ಲಿ ಅದು ಪದಕದ ಆಟವಾಯಿತು. 2014ರಲ್ಲಿ ವೃತ್ತಿಪರ ಲೀಗು ಆರಂಭವಾದಂದಿನಿಂದ ದೂರದರ್ಶನದ ಪರದೆಯ ಮೇಲೆ ಮನೆಮಂದಿಯೆಲ್ಲ ಕುಳಿತು ನೋಡುವ ಆಟವಾಗಿದೆ. ಬಣ್ಣದ ಅಂಕಣ, ಕಣ್ಣು ಕೋರೈಸುವ ದೀಪಗಳು, ಹರಾಜಿನಲ್ಲಿ ಲಕ್ಷ ಕೋಟಿಗಳ ಮಾತು! ಆದರೆ ಆ ಪರದೆಯನ್ನು ಮುಟ್ಟಿದವರಲ್ಲಿ ಬಹುಮಂದಿ ಒಂದು ಕಾಲಕ್ಕೆ ಯಾವುದೋ ಊರಿನ ಮಣ್ಣಿನಲ್ಲಿ, ಯಾವುದೋ ಸಂಘದ ಸಾಲದ ಸಮವಸ್ತ್ರವನ್ನು ತೊಟ್ಟು ಆಡಿದವರೇ. ಪರದೆಯ ಮೇಲಿನ ಕೋಟಿಗಳಲ್ಲಿ ಈ ಹವ್ಯಾಸಿ ಸಂಘಗಳ ಪಾಲಿಗೆ ತಾನಾಗಿ ಬಂದು ಬೀಳುವುದು ಏನೂ ಇಲ್ಲ. ಅವು ತಮ್ಮ ಊರಿನ ಕೈಯನ್ನೇ ನೋಡಬೇಕು.

ಊರಿನ ಕೈಯಾದರೂ ಎಲ್ಲ ಕಾಲಕ್ಕೂ ಒಂದೇ ಸಮನಾಗಿರುವುದಿಲ್ಲ. ಕರ್ನಾಟಕದ ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಮೀನು ಮರಿಯಿಡುವ ಕಾಲವದು. ಮೇಲೆ ಮಳೆ, ಕೆಳಗೆ ಉಬ್ಬಿದ ಕಡಲು. ಆ ಎರಡು ತಿಂಗಳು ಬಂದರಿನ ಊರಿನಲ್ಲಿ ಕೈಗೆ ಕೆಲಸವೂ ಕಡಿಮೆ, ಕಿಸೆಯಲ್ಲಿ ಕಾಸೂ ಕಡಿಮೆ. ಆಗಸ್ಟಿನಲ್ಲಿ ದೋಣಿಗಳು ಇಳಿದು, ಮಳೆ ಹಿಂದೆಗೆದು, ನೆಲ ಒಣಗಿದ ಬಳಿಕವೇ ಪಂದ್ಯಾವಳಿಗಳ ಕಾಲ. ಹೀಗೆ ಸಂಘದ ವಂತಿಗೆಯು ಮೀನಿನ ಬೆಲೆಯೊಡನೆ ಏರುತ್ತದೆ, ಮೀನಿನ ಬೆಲೆಯೊಡನೆ ಇಳಿಯುತ್ತದೆ. ಖರ್ಚು ಮಾತ್ರ ಇಳಿಯುವುದಿಲ್ಲ. ಹೊನ್ನಾವರಕ್ಕೋ ಕುಮಟೆಗೋ ಆಡಲು ಹೋಗಬೇಕಾದರೆ ಟೆಂಪೋ ಬಾಡಿಗೆ, ಪ್ರವೇಶ ಶುಲ್ಕ, ರಾತ್ರಿಯ ಊಟ. ಇದರ ಮೇಲೆ ಮ್ಯಾಟಿನ ಚಿಂತೆ. ದೊಡ್ಡ ಪಂದ್ಯಗಳು ಇಂದು ಮಣ್ಣನ್ನು ಬಿಟ್ಟು ಮ್ಯಾಟಿಗೆ ಹೋಗಿವೆ. ಮಣ್ಣಿನಲ್ಲಿ ಪಳಗಿದ ಕಾಲು ಮ್ಯಾಟಿನ ಮೇಲೆ ತಬ್ಬಿಬ್ಬಾಗುತ್ತದೆ. ಅಭ್ಯಾಸಕ್ಕೊಂದು ಮ್ಯಾಟು ಕೊಳ್ಳೋಣವೆಂದರೆ, ಒಂದು ಅಂಕಣದಷ್ಟು ಹಾಸಿಗೆಗೆ ಲಕ್ಷ ರೂಪಾಯಿಗೂ ಮೀರಿದ ಬೆಲೆ.

ಇದಕ್ಕೆಲ್ಲ ಸಂಘಗಳು ಕಂಡುಕೊಂಡಿರುವ ಉಪಾಯವೇ ಹೊನಲು ಬೆಳಕಿನ ಪಂದ್ಯಾವಳಿ. ಒಂದು ರಾತ್ರಿಯ ಹಬ್ಬವದು. ಕಮಾನು, ಚಪ್ಪರ, ಬಾಡಿಗೆಯ ಕುರ್ಚಿ, ಬಾಡಿಗೆಯ ದೀಪ. ಸುತ್ತಲ ಊರುಗಳ ತಂಡಗಳು. ಧ್ವನಿವರ್ಧಕದಲ್ಲಿ ದಾನಿಗಳ ನಾಮಾವಳಿ. ರಾತ್ರಿ ಹತ್ತು ಗಂಟೆಯ ಮೇಲೆ ಧ್ವನಿವರ್ಧಕಕ್ಕೆ ಕಾನೂನಿನ ತಡೆಯುಂಟಾದುದರಿಂದ ಅನುಮತಿಗಾಗಿ ಠಾಣೆಗೆ ಅಲೆದಾಟವೂ ಆಗಬೇಕು. ಪ್ರಥಮ ಬಹುಮಾನ ಇಷ್ಟು ಸಾವಿರ, ದ್ವಿತೀಯ ಬಹುಮಾನ ಇಷ್ಟು ಸಾವಿರ, ಉತ್ತಮ ದಾಳಿಗಾರನಿಗೊಂದು ಪಾರಿತೋಷಕ, ಉತ್ತಮ ಹಿಡಿತಗಾರನಿಗೊಂದು. ಬಹುಮಾನ ದೊಡ್ಡದಾದಷ್ಟೂ ತಂಡಗಳು ಹೆಚ್ಚು, ಜನ ಹೆಚ್ಚು. ಪಕ್ಕದ ಊರಿನವರು ಈ ವರ್ಷ ಕೊಟ್ಟುದಕ್ಕಿಂತ ನಾವು ಐದು ಸಾವಿರವಾದರೂ ಹೆಚ್ಚು ಕೊಡಬೇಕೆಂಬ ಹಟವೂ ಹೆಚ್ಚು. ಬೆಳಗಾಗುವುದರೊಳಗೆ ಎಲ್ಲವೂ ಮುಗಿದಿರುತ್ತದೆ. ಚಪ್ಪರ ಬಿಚ್ಚಿ, ಕುರ್ಚಿ ಹೇರಿ, ಎಲ್ಲರೂ ನಿದ್ದೆಗೆ ತೆರಳಿದ ಮೇಲೆ ಖಜಾಂಚಿಯೊಬ್ಬನೇ ಕುಳಿತು ಕೂಡುತ್ತಾನೆ, ಕಳೆಯುತ್ತಾನೆ. ಎಷ್ಟೋ ಸಲ ಕೊನೆಗೆ ಉಳಿಯುವುದು ಚಪ್ಪರದವನ ಬಾಕಿ ಮಾತ್ರ. ಮಕ್ಕಳ ಅಭ್ಯಾಸಕ್ಕೆಂದು ಆರಂಭವಾದ ಸಂಘ, ಮಕ್ಕಳಿಗೆ ಒಂದು ಜೊತೆ ಮೊಣಕಾಲ ಪಟ್ಟಿಯನ್ನೂ ಕೊಡಿಸಲಾರದೆ ಒಂದು ರಾತ್ರಿಯಲ್ಲಿ ವರ್ಷದ ಹಣವನ್ನು ಉರಿಸಿಬಿಟ್ಟಿರುತ್ತದೆ.

ಇಂಥ ಬಾಕಿಯ ಹೊತ್ತಿನಲ್ಲಿ ಒಬ್ಬ ದೊಡ್ಡ ದಾನಿ ದೊರೆತರೆ ದೇವರು ಕಂಡಂತೆ. ಬೋಟಿನ ಧಣಿಯೋ, ದುಬೈಯಲ್ಲಿ ದುಡಿದು ಬಂದವರೋ, ಚುನಾವಣೆಗೆ ನಿಲ್ಲಬಯಸುವ ಮುಖಂಡರೋ ಸಂಘದ ಭಾರವನ್ನೆಲ್ಲ ಹೊರಲು ಮುಂದಾಗುತ್ತಾರೆ. ಕೆಲವು ವರ್ಷ ಎಲ್ಲವೂ ಸುಗಮ. ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವ ಶ್ರಮವಿಲ್ಲ. ಲೆಕ್ಕ ಕೇಳುವವರೂ ಇಲ್ಲ. ಆ ಬಳಿಕ ದಾನಿಯ ವ್ಯಾಪಾರ ಕುಗ್ಗುತ್ತದೆ, ಅಥವಾ ಚುನಾವಣೆ ಮುಗಿಯುತ್ತದೆ. ಮತ್ತೆ ಮನೆಮನೆಗೆ ಹೋಗೋಣವೆಂದರೆ ಊರಿನವರಿಗೆ ಕೊಡುವ ರೂಢಿ ತಪ್ಪಿಹೋಗಿರುತ್ತದೆ.

ಇದು ಇಂದಿನ ರೋಗವಲ್ಲ. ಕರಾವಳಿಯೊಂದರ ರೋಗವೂ ಅಲ್ಲ. ಒಂದೂವರೆ ಶತಮಾನದ ಹಿಂದೆ ನಮ್ಮ ದೇಶದಲ್ಲಿಯೇ, ಕಬಡ್ಡಿಯ ದೂರದ ನೆಂಟನೆನ್ನಬಹುದಾದ ರಗ್ಬಿ ಆಟದ ಸಂಘವೊಂದಕ್ಕೆ ಇದೇ ಗತಿಯೊದಗಿತು. ರಗ್ಬಿಯಲ್ಲಿ ಚೆಂಡನ್ನು ಅವಚಿಕೊಂಡು, ಹಿಡಿಯಬಂದವರಿಂದ ನುಸುಳಿ ಎದುರಾಳಿಯ ಗೆರೆಯ ಆಚೆಗೆ ಒಯ್ಯಬೇಕು. ಕಬಡ್ಡಿಯಲ್ಲಿ ಉಸಿರನ್ನು ಅವಚಿಕೊಂಡು ತನ್ನ ಗೆರೆಗೆ ಮರಳಬೇಕು. ಹಿಡಿಯುವುದು, ಬಿಡಿಸಿಕೊಳ್ಳುವುದು ಎರಡಕ್ಕೂ ಸಮಾನ.

1872ರ ಕ್ರಿಸ್ಮಸ್ ದಿನ ಕಲಕತ್ತೆಯಲ್ಲಿದ್ದ ಆಂಗ್ಲರು ಎರಡು ಪಕ್ಷಗಳಾಗಿ ರಗ್ಬಿ ಆಡಿದರು. ಆ ಉತ್ಸಾಹದಲ್ಲಿ 1873ರ ಜನವರಿಯಲ್ಲಿ ಕಲಕತ್ತಾ ಫುಟ್ಬಾಲ್ ಕ್ಲಬ್ಬು ಹುಟ್ಟಿತು. ಸದಸ್ಯರು ತಂಡೋಪತಂಡವಾಗಿ ಸೇರಿದರು. ಅದಕ್ಕೆ ಆಟದ ಮೇಲಣ ಪ್ರೀತಿಯೊಂದೇ ಕಾರಣವಾಗಿರಲಿಲ್ಲ; ಕ್ಲಬ್ಬಿನಲ್ಲಿ ಮದ್ಯವು ಬಿಟ್ಟಿಯಾಗಿ ದೊರೆಯುತ್ತಿತ್ತು. ಕೆಲವು ಕಾಲದ ಮೇಲೆ ಆ ಬಿಟ್ಟಿ ಸೌಕರ್ಯವನ್ನು ನಿಲ್ಲಿಸಬೇಕಾಗಿ ಬಂತು. ನಿಲ್ಲಿಸಿದುದೇ ತಡ, ಸದಸ್ಯರ ಸಂಖ್ಯೆ ಕರಗತೊಡಗಿತು. ಉಳಿದವರಲ್ಲಿಯೂ ಹಲವರನ್ನು ಬಂಗಾಳದ ಹವೆಗೆ ಒಗ್ಗುವ ಪೋಲೋ, ಟೆನಿಸ್ ಆಟಗಳು ಸೆಳೆದುಕೊಂಡವು. ಐದೇ ವರ್ಷಗಳಲ್ಲಿ ಸಂಘವನ್ನು ಮುಚ್ಚುವ ಕಾಲ ಬಂತು.

ಆಗ ಆ ಸಂಘದ ಕಾರ್ಯದರ್ಶಿಯೂ ಖಜಾಂಚಿಯೂ ಒಬ್ಬನೇ, ರಾತ್ನಿ ಎಂಬಾತ. ಬ್ಯಾಂಕಿನಲ್ಲಿ ಸಂಘದ ಹಣ ಇನ್ನೂ ಉಳಿದಿತ್ತು. ಅದನ್ನು ಔತಣದಲ್ಲಿ ಕಳೆಯಬಹುದಾಗಿತ್ತು, ಹಂಚಿಕೊಳ್ಳಲೂಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಬೆಳ್ಳಿಯ ರೂಪಾಯಿಗಳನ್ನು ಹೊರತೆಗೆದು, ಕರಗಿಸಿ, ನಮ್ಮ ದೇಶದ ಕುಸುರಿ ಕೆಲಸದ ಒಂದು ಪಾತ್ರೆಯನ್ನು ಮಾಡಿಸಿದರು. ಮೂರು ನಾಗರಹಾವುಗಳೇ ಅದರ ಮೂರು ಹಿಡಿಗಳು. ಮುಚ್ಚಳದ ಮೇಲೊಂದು ಆನೆ. 1878ರಲ್ಲಿ ಅದನ್ನು ಇಂಗ್ಲೆಂಡಿನ ರಗ್ಬಿ ಒಕ್ಕೂಟಕ್ಕೆ ಒಪ್ಪಿಸಿದರು. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಆ ಪಾತ್ರೆಗಾಗಿ ಸೆಣಸುತ್ತ ಬಂದಿವೆ. ಇಂದಿಗೂ ಅದರ ಹೆಸರು ಕಲಕತ್ತಾ ಕಪ್ಪು.

ಕಥೆ ಸೊಗಸಾಗಿದೆ. ಸತ್ತ ಸಂಘದ ಹೆಸರನ್ನು ಪ್ರಾಮಾಣಿಕವಾದ ಲೆಕ್ಕವೊಂದು ಉಳಿಸಿತು. ಆದರೆ ಓದುಗರು ಒಂದನ್ನು ಮರೆಯಲಾಗದು: ಉಳಿದದ್ದು ಪಾತ್ರೆ, ಸಂಘವಲ್ಲ. ಬಿಟ್ಟಿಯ ಬಲದಿಂದ ನೆರೆದವರು ಬಿಟ್ಟಿ ನಿಂತೊಡನೆ ಚದರಿದರು. ಕಪಾಟಿನಲ್ಲಿ ಬೆಳ್ಳಿಯ ಪಾತ್ರೆಯಿರುವುದಕ್ಕೂ ಮೈದಾನದಲ್ಲಿ ಮಕ್ಕಳಿರುವುದಕ್ಕೂ ಬಹಳ ವ್ಯತ್ಯಾಸವುಂಟು.

ಸಂಘವು ನಿಜವಾಗಿ ಬದುಕಿದೆಯೋ ಇಲ್ಲವೋ ಎಂಬುದು ಗೆದ್ದ ದಿನ ತಿಳಿಯುವುದಿಲ್ಲ. ಹುಡುಗನೊಬ್ಬನು ಬಿದ್ದ ದಿನ ತಿಳಿಯುತ್ತದೆ. ದಾಳಿಗೆ ಹೋದವನ ಕಾಲನ್ನು ಇಬ್ಬರು ಹಿಡಿದು, ಮೂರನೆಯವನು ಮೈಮೇಲೆ ಬಿದ್ದಾಗ ಮೊಣಕಾಲು ತಿರುಚಿ ಒಳಗಣ ಕಟ್ಟು ಹರಿಯುವುದು ಈ ಆಟದಲ್ಲಿ ಅಪರೂಪವಲ್ಲ. ಆಗ ಸುಮಾರು 90 ಕಿಲೋಮೀಟರ್ ದೂರದ ಮಣಿಪಾಲಕ್ಕೋ, ಇನ್ನೂ ಆಚೆಗೆ ಮಂಗಳೂರಿಗೋ ಹೋಗಬೇಕು. ಶಸ್ತ್ರಚಿಕಿತ್ಸೆಯಾದರೆ ಮತ್ತೆ ಅಂಕಣಕ್ಕಿಳಿಯಲು ಸಾಮಾನ್ಯವಾಗಿ 9 ತಿಂಗಳಾದರೂ ಬೇಕಾಗುತ್ತದೆ. ಅಂಕಣದ ಮಾತು ಹಾಗಿರಲಿ, ಅಲುಗಾಡುವ ಬೋಟಿನ ಮೇಲೆ ನಿಂತು ಬಲೆ ಎಳೆಯುವವನಿಗೆ ಮೊಣಕಾಲೇ ಅನ್ನ. ಮನೆಯಲ್ಲಿ ವಯಸ್ಸಾದ ತಾಯಿ, ಓದುತ್ತಿರುವ ತಂಗಿ. ಆ ತಾಯಿ ಸಂಘದ ಬಾಗಿಲಿಗೆ ಬಂದು ಕೇಳುವುದಿಲ್ಲ. ಮಗನ ಭಾವಚಿತ್ರವಿದ್ದ ಕಮಾನಿನ ಬಟ್ಟೆಯನ್ನು ಮಡಿಸಿ ಒಳಗಿಡುತ್ತಾಳೆ, ಅಷ್ಟೆ. ಪ್ರಥಮ ಬಹುಮಾನಕ್ಕೆ ಸಾವಿರಾರು ರೂಪಾಯಿ ಹೊಂದಿಸಿದ ಸಂಘದಲ್ಲಿ ಈ ಹುಡುಗನಿಗಾಗಿ ಮೊದಲೇ ತೆಗೆದಿಟ್ಟ ಹಣವೆಷ್ಟು? ಖಜಾಂಚಿಯ ಪುಸ್ತಕವನ್ನು ಅಳೆಯಬೇಕಾದ ಅಳತೆಗೋಲು ಇದೊಂದೇ.

ಹಾಗಾದರೆ ದಾರಿಯೇನು? ದಾರಿಯನ್ನು ಈ ಕಡಲ ದಡವೇ ಹಿಂದೆ ತೋರಿಸಿಕೊಟ್ಟಿದೆ. ಪರ್ಸೀನ್ ಬೋಟುಗಳು ಬರುವ ಮೊದಲು, ಎಂದರೆ 1970ರ ದಶಕದ ಮಧ್ಯಭಾಗದ ವರೆಗೆ, ಇಲ್ಲಿ ರಂಪಣಿಯ ಕಾಲ. ಆ ಮಹಾಬಲೆಯನ್ನು ಎಳೆಯಲು ಒಬ್ಬ ಶ್ರೀಮಂತನ ತೋಳು ಸಾಲದು; ದಡದಲ್ಲಿ ಹಲವು ಹತ್ತು ಮಂದಿ ಸಾಲುಗಟ್ಟಿ ಹಗ್ಗ ಹಿಡಿಯಬೇಕು. ಹಗ್ಗ ಹಿಡಿದವನಿಗೆಲ್ಲ ಮೀನಿನಲ್ಲಿ ಪಾಲು. ಪಾಲು ಸಣ್ಣದಿರಬಹುದು, ಆದರೆ ಅದು ಅವನ ಹಕ್ಕು. ಆದುದರಿಂದ ಲೆಕ್ಕವೂ ಎಲ್ಲರ ಕಣ್ಣ ಮುಂದೆಯೇ ಆಗಬೇಕು.

ಆಟದ ಸಂಘವೂ ರಂಪಣಿಯಂತೆಯೇ ಇರಬೇಕು. ಒಬ್ಬರ ಐವತ್ತು ಸಾವಿರಕ್ಕಿಂತ ಐನೂರು ಮನೆಗಳ ನೂರು ರೂಪಾಯಿ ಮೇಲು. ಮೊತ್ತ ಒಂದೇ ಆದರೂ ಬಲ ಒಂದೇ ಅಲ್ಲ. ಮೊದಲನೆಯದು ಒಂದು ಮನಸ್ಸು ಮುರಿದರೆ ನಿಂತುಹೋಗುತ್ತದೆ. ಎರಡನೆಯದು ನಿಲ್ಲಬೇಕಾದರೆ ಐನೂರು ಮನಸ್ಸುಗಳು ಮುರಿಯಬೇಕು. ಕಾನೂನು ಕೂಡ ಇದಕ್ಕೆ ಅನುಕೂಲವಾಗಿಯೇ ಇದೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಂತೆ ಸಂಘವೊಂದನ್ನು ನೋಂದಾಯಿಸಲು ಕನಿಷ್ಠ ಏಳು ಮಂದಿ ಸಾಕು. ಕಬಡ್ಡಿಯ ಅಂಕಣಕ್ಕಿಳಿಯುವವರೂ ಏಳೇ ಮಂದಿ! ಆಡುವ ಏಳು ಮಂದಿಯನ್ನು ಹುಡುಕುವುದು ಕಷ್ಟವಲ್ಲ; ಬರೆಯುವ, ಕೂಡಿಸುವ, ಮಹಾಸಭೆಯಲ್ಲಿ ನಿಂತು ಲೆಕ್ಕವನ್ನು ಗಟ್ಟಿಯಾಗಿ ಓದುವ ಏಳು ಮಂದಿಯನ್ನು ಹುಡುಕುವುದೇ ಕಷ್ಟ.

ಬಂದರಿನಲ್ಲಿ ಮೀನು ಮಾರುವ ಹೆಂಗಸು ಸೆರಗಿನ ಗಂಟು ಬಿಚ್ಚಿ ಐವತ್ತು ರೂಪಾಯಿ ಕೊಡುವ ಮುನ್ನ, “ತಮ್ಮಾ, ಹೋದ ವರ್ಷ ಕೊಟ್ಟದ್ದು ಎಂತ ಆಯ್ತು?” ಎಂದು ಕೇಳಿದರೆ ಖಜಾಂಚಿ ಮುಖ ಸಿಂಡರಿಸಬಾರದು. “ಪಟ್ಟಿ, ಔಷಧ, ಮಕ್ಕಳ ಬಸ್ಸಿನ ಖರ್ಚು ಅಕ್ಕಾ, ಇಲ್ಲಿ ಬರೆದಿದೆ” ಎಂದು ಪುಟ ತೆರೆದು ತೋರಿಸುವಂತಿರಬೇಕು. ಆ ಪ್ರಶ್ನೆಯಲ್ಲಿ ಸಂಶಯಕ್ಕಿಂತ ಸಲುಗೆಯೇ ಹೆಚ್ಚು. ಕೇಳುವವರು ಇರುವಷ್ಟು ದಿನ ಸಂಘಕ್ಕೆ ಭಯವಿಲ್ಲ. ಯಾರೂ ಕೇಳದಂತಾದ ದಿನ ಅದು ಊರಿನದಾಗಿ ಉಳಿಯುವುದಿಲ್ಲ.

ಆ ಪುಟದಲ್ಲಿ ಹೆಣ್ಣುಮಕ್ಕಳ ಹೆಸರಿನಲ್ಲಿಯೂ ಖರ್ಚು ಬರೆದಿರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಾಗಿದೆ. ಇದೇ ಕರಾವಳಿಯ ಕಾರ್ಕಳದ ಕಡೆಯ ಮಮತಾ ಪೂಜಾರಿಯವರು 2010 ಮತ್ತು 2014ರ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣ ಗೆದ್ದ ತಂಡಗಳಲ್ಲಿದ್ದು, 2014ರಲ್ಲಿ ಅರ್ಜುನ ಪ್ರಶಸ್ತಿಯನ್ನು ಪಡೆದರು. ಅವರ ಹೆಸರನ್ನು ವೇದಿಕೆಯ ಭಾಷಣಗಳಲ್ಲಿ ಅಭಿಮಾನದಿಂದ ಹೇಳುವುದು ಸುಲಭ. ಹುಡುಗಿಯರ ಅಭ್ಯಾಸಕ್ಕೆ ಕತ್ತಲಾಗುವ ಮೊದಲಿನ ಹೊತ್ತನ್ನು ಬಿಟ್ಟುಕೊಡುವುದು, ಜೊತೆಯಲ್ಲಿ ಹೋಗಿಬರುವ ಹಿರಿಯ ಹೆಂಗಸಿನ ಪ್ರಯಾಣದ ವೆಚ್ಚವನ್ನು ಭರಿಸುವುದು ಅಷ್ಟು ಸುಲಭವಲ್ಲ. ಭಾಷಣಕ್ಕೆ ಹಣ ತಗಲುವುದಿಲ್ಲ, ಬಸ್ಸಿಗೆ ತಗಲುತ್ತದೆ.

ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ನೆಲಸಿ, ರಜೆಗೆ ಊರಿಗೆ ಹೋಗುವ ಕುಟುಂಬಗಳಿಗೆ ಇಂಥ ಸಂಘಗಳ ರಸೀದಿ ಪುಸ್ತಕ ಎದುರಾಗದೆ ಇರುವುದಿಲ್ಲ. ಈಗಂತೂ ಮೊಬೈಲಿನಲ್ಲಿಯೇ ಚೌಕಾಕಾರದ ಸಂಕೇತವೊಂದು ಬಂದು ನಿಲ್ಲುತ್ತದೆ. ಕೆಲವರು ಪೀಡೆ ತೊಲಗಲೆಂದು ಕೊಟ್ಟುಬಿಡುತ್ತಾರೆ. ಕೆಲವರು ಕಮಾನಿನ ಮೇಲೆ ಹೆಸರು ಬರಲೆಂದು ಕೊಡುತ್ತಾರೆ. ಎರಡರಿಂದಲೂ ಸಂಘಕ್ಕೆ ಒಂದು ರಾತ್ರಿಯ ಬೆಳಕು ದೊರೆಯಬಹುದೇ ಹೊರತು ಹೆಚ್ಚೇನಿಲ್ಲ. ಅದರ ಬದಲು ಸಣ್ಣದೊಂದು ಮೊತ್ತವನ್ನು ವರ್ಷ ವರ್ಷವೂ ತಪ್ಪದೆ ಕೊಟ್ಟು, ವರ್ಷ ವರ್ಷವೂ ತಪ್ಪದೆ ಲೆಕ್ಕ ಕೇಳುವ ಪರಿಪಾಠವನ್ನು ಇಟ್ಟುಕೊಂಡರೆ ಸಂಘ ನಿಲ್ಲುತ್ತದೆ. “ಬಹುಮಾನಕ್ಕೆ ಬೇಡ, ಬಿದ್ದವರ ನಿಧಿಗೆ ಹಾಕಿಕೊಳ್ಳಿ” ಎಂದು ರಸೀದಿಯ ಮೇಲೆ ಬರೆಯಿಸಿದರೆ ಇನ್ನೂ ಮೇಲು.

ಮುಂದಿನ ಜೂನಿನಲ್ಲಿ ದೋಣಿಗಳು ದಡ ಸೇರುತ್ತವೆ. ಮಳೆಗೆ ಅಂಕಣದ ಗೆರೆಗಳು ಅಳಿಸಿಹೋಗುತ್ತವೆ. ಗೆರೆಯನ್ನು ಮತ್ತೆ ಎಳೆಯಲು ಒಂದು ಹಿಮ್ಮಡಿ ಸಾಕು. ಅದರೊಳಗೆ ಮತ್ತೆ ಹುಡುಗರು ಬಂದು ನಿಲ್ಲುವಂತಾಗಬೇಕಾದರೆ ಮಳೆಗಾಲವಿಡೀ ಯಾವುದೋ ಮನೆಯ ಮಾಡಿನಲ್ಲಿ ಖಜಾಂಚಿಯ ಪುಸ್ತಕ ನೆನೆಯದೆ ಉಳಿದಿರಬೇಕು.