ಗುಂಡನ ಆ ಫೋಟೋ ಡಿಲೀಟ್ ಮಾಡಿದೆ, ಯಾಕೆ ಅಂತ ಕೇಳಿ

(1/7)


ನಮ್ಮ ಗುಂಡ ಸೆಸ್ನಾದ ಮುಂದಿನ ಸೀಟಲ್ಲಿ ಕೂತು, ತಲೆಗೆ ನನ್ನ ಹೆಡ್‌ಸೆಟ್ ಹಾಕ್ಕೊಂಡು, ಕಿಟಕಿ ಆಚೆ ನೋಡ್ತಿರೋ ಫೋಟೋ ನಿಮಗೆಲ್ಲಾ ನೆನಪಿರಬೇಕು. ಈ ಪೇಜಲ್ಲಿ ಅತಿ ಹೆಚ್ಚು ಲೈಕ್ ಬಂದಿದ್ದು ಅದಕ್ಕೇ. "ಕ್ಯಾಪ್ಟನ್ ಗುಂಡ" ಅಂತ ಹೆಸರಿಟ್ಟವರೂ ನೀವೇ. ನಿನ್ನೆ ಅದನ್ನ ತೆಗೆದುಬಿಟ್ಟೆ. ಎಲ್ಲಿ ಹೋಯ್ತು ಅಂತ ಆಗಲೇ ಹತ್ತಾರು ಜನ ಕೇಳಿದ್ದಾರೆ. ಉತ್ತರ ಸ್ವಲ್ಪ ಉದ್ದ ಇದೆ, ಅದಕ್ಕೇ ಏಳು ಭಾಗ.

ಹೊಸಬರಿಗೆ: ನಾನು ಕ್ಯಾಲಿಫೋರ್ನಿಯಾದ ಲಿವರ್‌ಮೋರಲ್ಲಿರೋ ಹಾಸನದವನು. ಹೊಟ್ಟೆಪಾಡಿಗೆ ಸಾಫ್ಟ್‌ವೇರ್, ವಾರಾಂತ್ಯಕ್ಕೆ ಬಾಡಿಗೆ ವಿಮಾನ. ಜಕ್ಕೂರಿನ ಹತ್ತಿರ ಹೋಗುವಾಗ ಚಿಕ್ಕ ವಿಮಾನ ಇಳಿಯೋದು ನೋಡಿದ್ದೀರಲ್ಲ, ಹೆಚ್ಚುಕಮ್ಮಿ ಅಂಥದ್ದೇ. ನಾಲ್ಕು ಸೀಟು, ಒಂದು ಎಂಜಿನ್. ಗುಂಡ ನಾಯಿಗಳ ಆಶ್ರಯದಿಂದ ತಂದ ಲ್ಯಾಬ್ರಡಾರ್ ಮಿಕ್ಸ್, 28 ಕೆಜಿ.

(2/7)
ಆ ಫೋಟೋ ತೆಗೆದ ದಿನ ಬೆಳಿಗ್ಗೆ ನಾವು ಲಿವರ್‌ಮೋರಿಂದ ಕೊಲಂಬಿಯಾಗೆ ಹೋಗಿದ್ವಿ. ಸಿಯೆರಾ ಬೆಟ್ಟಗಳ ತಪ್ಪಲಲ್ಲಿರೋ ಸಣ್ಣ ಏರ್‌ಪೋರ್ಟ್ ಅದು. ಪಕ್ಕದಲ್ಲೇ ಟೆಂಟ್ ಹಾಕೋ ಜಾಗ ಇದೆ. ಹಾರಿ ಹೋದ್ರೆ ನಲವತ್ತು ನಿಮಿಷದ ದಾರಿ. ಬೆಳಗಿನ ಗಾಳಿ ಬೆಣ್ಣೆ ಥರ ಇತ್ತು. ಗುಂಡ ದಾರಿಯುದ್ದಕ್ಕೂ ನಿದ್ದೆ. ಇಳಿದ ಮೇಲೆ ಫೋಟೋ.

ನೀವು ನೋಡದೇ ಇದ್ದದ್ದು ವಾಪಸ್ ಬಂದ ಹಾರಾಟ.

ಮಧ್ಯಾಹ್ನ ಮೂರು ಗಂಟೆ, ಬೇಸಿಗೆ. ಕಾದ ನೆಲದಿಂದ ಬಿಸಿಗಾಳಿ ಏಳುವ ಹೊತ್ತು. ನಾವು 4,500 ಅಡಿಯಲ್ಲಿದ್ವಿ. ಹಿಂದಿನ ಸೀಟಲ್ಲಿ ನನ್ನ ಹೆಂಡತಿ, ಪಕ್ಕದಲ್ಲಿ ಗುಂಡ. ಅವನ ಬೆಲ್ಟ್ ಅಂದ್ರೆ ಅವಳ ಕೈಯಲ್ಲಿದ್ದ ಹಗ್ಗ, ಅಷ್ಟೇ.

ಒಂದೇ ಒಂದು ಜೋರು ಕುಲುಕು. ಗುಂಡ ಮೇಲೆದ್ದು, ಎರಡು ಸೀಟಿನ ನಡುವೆ ಮುಂದಕ್ಕೆ ಬಂದು, ನನ್ನ ಬಲಗೈ ಮೇಲೆ ಬಿದ್ದ. ಆ ಕೈ ಥ್ರಾಟಲ್ ಮೇಲಿತ್ತು. ಎಂಜಿನ್ ಕೂಗಿತು. ಗಾಬರಿಯಲ್ಲಿ ಅವನ ಮುಂಗಾಲು ಕೆಳಗೆ ಟ್ರಿಮ್ ಚಕ್ರ, ಇಂಧನದ ಸ್ವಿಚ್ ಇರೋ ಜಾಗದಲ್ಲೇ ಪರದಾಡ್ತಿತ್ತು. ನಾನು ಮಾಡಿದ ತಪ್ಪು ಏನು ಗೊತ್ತಾ? ಅವನನ್ನ ಹಿಡಿಯೋಕೆ ತಿರುಗಿದೆ.

"ರೀ, ಅವನನ್ನ ಬಿಡಿ, ನೀವು ಮುಂದೆ ನೋಡಿ!" ಅಂತ ಇವಳು ಕಿರುಚಿದಳು.

ಮುಂದೆ ನೋಡಿದಾಗ ಮೂತಿ ಕೆಳಗೆ ಬಾಗಿತ್ತು, ವೇಗ ಏರ್ತಾ ಇತ್ತು, 400 ಅಡಿ ಹೋಗಿತ್ತು.

(3/7)
ಏನೂ ಆಗ್ಲಿಲ್ಲ. ಮೂತಿ ಎತ್ತಿದೆ, ಪವರ್ ಇಳಿಸಿದೆ, ಇವಳು ಅವನನ್ನ ಹಿಂದಕ್ಕೆ ಎಳ್ಕೊಂಡಳು. ಸಂಜೆ ಮನೆಗೆ ಬಂದು ಬೆಳಗಿನ ಫೋಟೋ ಹಾಕಿದೆ. ಮಧ್ಯಾಹ್ನದ ಕತೆ ಬರೀಲಿಲ್ಲ.

ನನಗೆ ಈಗ ನಾಚಿಕೆ ಆಗೋದು ಅದಕ್ಕೇ. ಆಮೇಲೆ ಮೂರು ಜನ ಮೆಸೇಜ್ ಮಾಡಿದ್ರು. "ಅಣ್ಣಾ, ಫೋಟೋ ನೋಡಿ ನಾವೂ ನಮ್ಮ ನಾಯೀನ ಕರ್ಕೊಂಡು ಹೋದ್ವಿ" ಅಂತ. ಅವರಲ್ಲಿ ಒಬ್ಬರದು ಪಗ್, ಮಡಿಲಲ್ಲಿ ಕೂರಿಸ್ಕೊಂಡು ಹೋಗಿದ್ರಂತೆ. ನನ್ನ ಫೋಟೋದಲ್ಲಿ ಹಾರ್ನೆಸ್ ಇರ್ಲಿಲ್ಲ, ಬೆಲ್ಟ್ ಇರ್ಲಿಲ್ಲ. ಅವರು ಕಲಿತದ್ದು ಅದನ್ನೇ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಕಟ್ಟದೇ ಇರೋ ನಾಯಿ ಜೊತೆ ಸಣ್ಣ ವಿಮಾನ ಹಾರಿಸಬಾರದು. ಹತ್ತು ನಿಮಿಷಕ್ಕೂ ಬೇಡ. "ನಮ್ಮದು ತುಂಬಾ ಸಾಧು" ಅನ್ನೋ ಮಾತು ಇಲ್ಲಿ ನಡೆಯಲ್ಲ. ಗುಂಡನೂ ಸಾಧುವೇ.

(4/7)
"ಕಾನೂನಲ್ಲಿ ಇಲ್ವಲ್ಲ" ಅಂತ ಕೆಲವರು. ಹೌದು, ಅಮೆರಿಕದ ವಿಮಾನಯಾನ ನಿಯಮ 91.107 ಸೀಟ್ ಬೆಲ್ಟ್ ಬಗ್ಗೆ ಹೇಳೋದು ಮನುಷ್ಯರಿಗೆ. ಆದ್ರೆ ಅದೇ ಪುಸ್ತಕದ 91.3 ಹೇಳುತ್ತೆ, ವಿಮಾನದ ನೇರ ಹೊಣೆ ಪೈಲಟ್‌ನದ್ದು ಅಂತ. ನಾಯಿ ಹೊಣೆಯೂ ಅದರೊಳಗೇ ಬಂತು.

ಲೆಕ್ಕ ನೋಡಿ. ಸಣ್ಣ ವಿಮಾನಗಳ ಬೆಲ್ಟ್ ವಿನ್ಯಾಸಕ್ಕೆ ಹಿಂದಿನಿಂದ ಬಳಸ್ತಾ ಬಂದಿರೋ ಅಳತೆ, ಮುಂದಕ್ಕೆ 9 ಜಿ. ಅಂದ್ರೆ ಹೊಲದಲ್ಲಿ ಗಟ್ಟಿಯಾಗಿ ಇಳಿಸಬೇಕಾಗಿ ಬಂದ್ರೆ, 28 ಕೆಜಿ ಗುಂಡ ಆ ಕ್ಷಣಕ್ಕೆ 252 ಕೆಜಿ ಭಾರವಾಗಿ ಮುಂದೆ ಕೂತವರ ಬೆನ್ನಿಗೆ ಬರ್ತಾನೆ. ಯಾರ ಕೈ ಹಿಡಿಯುತ್ತೆ ಅದನ್ನ?

ಇನ್ನು ತೂಕ. ನಾನು ಓಡಿಸೋ ಸೆಸ್ನಾ 172 ಎಸ್‌ನ ಗರಿಷ್ಠ ಟೇಕಾಫ್ ತೂಕ 2,550 ಪೌಂಡ್, ಸುಮಾರು 1,157 ಕೆಜಿ. ಟ್ಯಾಂಕ್ ತುಂಬಿಸಿದ್ರೆ ಜನ, ಸಾಮಾನು, ನಾಯಿ ಎಲ್ಲಾ ಸೇರಿ ಉಳಿಯೋದು ಸುಮಾರು 250 ಕೆಜಿ. ಅದರಲ್ಲಿ ಗುಂಡ 28, ಅವನ ಕ್ರೇಟು, ನೀರು, ಊಟ ಬೇರೆ. ಇಷ್ಟನ್ನೂ ಕಾಗದದ ಮೇಲೆ ಬರೆದು ಕೂಡಿಸ್ಬೇಕು.

ತೂಕ ಎಷ್ಟು ಅನ್ನೋದರ ಜೊತೆಗೆ ಎಲ್ಲಿದೆ ಅನ್ನೋದೂ ಮುಖ್ಯ. ಅವನು ಮುಂದಿನ ಸೀಟಿಂದ ಹಿಂದಿನ ಸಾಮಾನಿನ ಜಾಗಕ್ಕೆ ಹೋದ್ರೆ ವಿಮಾನದ ತೂಕದ ಕೇಂದ್ರ ಸುಮಾರು ಒಂದೂವರೆ ಇಂಚು ಹಿಂದಕ್ಕೆ ಸರಿಯುತ್ತೆ. ಪೂರ್ತಿ ತೂಕದಲ್ಲಿ ನಮಗಿರೋ ಒಟ್ಟು ಅವಕಾಶವೇ ಆರು ಇಂಚು ಚಿಲ್ಲರೆ. ಮನೆಯ ಸೋಫಾ ಮೇಲೆ ಈ ಕಡೆಯಿಂದ ಆ ಕಡೆ ಹೋದ ಹಾಗಲ್ಲ ಇದು.

(5/7)
ನಾಯಿಗೆ ಬಾಯಿ ಬರಲ್ಲ. ಅದಕ್ಕೇ ಅದರ ಪರವಾಗಿ ನಾವೇ ಯೋಚಿಸ್ಬೇಕು.

👉 ಎತ್ತರ: 10,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 70% ಅಷ್ಟೇ. 12,500 ಅಡಿಗಿಂತ ಮೇಲೆ ಅರ್ಧ ಗಂಟೆ ದಾಟಿದ್ರೆ ಪೈಲಟ್ ಆಕ್ಸಿಜನ್ ಬಳಸಲೇಬೇಕು ಅಂತ ನಿಯಮ. ನಾಯಿಗೆ ತಲೆ ಸುತ್ತಿದ್ರೆ ಹೇಳೋಕೆ ಬರಲ್ಲ. ಗುಂಡ ಇದ್ರೆ ನಾನು 8,000 ದಾಟಲ್ಲ. ಪಗ್, ಬುಲ್‌ಡಾಗ್ ಥರ ಚಪ್ಪಟೆ ಮೂತಿಯವಕ್ಕೆ ನೆಲದ ಮೇಲೇ ಉಸಿರಾಟ ಕಷ್ಟ. ಡಾಕ್ಟರನ್ನ ಕೇಳದೆ ಕರ್ಕೊಂಡು ಹೋಗಲೇಬೇಡಿ.

👉 ಕಿವಿ: ಇಳಿಯುವಾಗ ನಿಮಿಷಕ್ಕೆ 500 ಅಡಿಗಿಂತ ಜೋರಾಗಿ ಬೇಡ. ಎಂಜಿನ್ ಸದ್ದಿಗೆ ನಾಯಿಗೆಂದೇ ಮಾಡಿದ ಕಿವಿಗವಸು ಸಿಗುತ್ತೆ. ಮನೇಲಿ ವಾರಗಟ್ಟಲೆ ಹಾಕಿ ರೂಢಿ ಮಾಡಿಸಿ. ಫೋಟೋದಲ್ಲಿದ್ದ ನನ್ನ ಹೆಡ್‌ಸೆಟ್ ಬರೀ ಶೋಕಿ, ಅವನ ಕಿವಿಗೆ ಅದು ಕೂರಲೇ ಇಲ್ಲ.

👉 ಬಿಸಿಲು: ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ 11 ಡಿಗ್ರಿ ಸೆಲ್ಸಿಯಸ್‌ನಷ್ಟು ತಾಪ ಏರಬಹುದು. ಸುತ್ತ ಗಾಜಿರೋ ವಿಮಾನ ಅದಕ್ಕಿಂತ ಒಳ್ಳೇದೇನಲ್ಲ. ನಾಯಿ ನಮ್ಮಂತೆ ಮೈಯೆಲ್ಲಾ ಬೆವರಲ್ಲ, ಏದುಸಿರು ಬಿಟ್ಟೇ ತಂಪಾಗ್ಬೇಕು. ಕಾದ ಡಾಂಬರಿನ ಮೇಲೆ ಪಾದವೂ ಸುಡುತ್ತೆ.

👉 ಮದ್ದು: ನಿದ್ದೆ ಬರ್ಲಿ ಅಂತ ಮಾತ್ರೆ ಕೊಡಬೇಡಿ. ವಿಮಾನ ಪ್ರಯಾಣಕ್ಕೆ ಮತ್ತಿನ ಔಷಧ ಬೇಡ ಅಂತ ಅಮೆರಿಕದ ಪಶುವೈದ್ಯರ ಸಂಘವೇ ಸಲಹೆ ಕೊಡುತ್ತೆ.

👉 ಪ್ರೊಪೆಲ್ಲರ್: ನನಗೆ ಎಲ್ಲಕ್ಕಿಂತ ಭಯ ಇದರದ್ದು. ತಿರುಗುವಾಗ ಕಣ್ಣಿಗೇ ಕಾಣಲ್ಲ. ಎಂಜಿನ್ ಆಫ್, ಕೀ ಹೊರಗೆ, ಪ್ರೊಪೆಲ್ಲರ್ ಪೂರ್ತಿ ನಿಂತಿದೆ, ಹಗ್ಗ ಕೈಯಲ್ಲಿದೆ. ಈ ನಾಲ್ಕೂ ಆದ ಮೇಲೇ ಬಾಗಿಲು.

(6/7)
"ಇಷ್ಟು ಕಷ್ಟ ಯಾಕೆ, ಮನೇಲೇ ಬಿಟ್ಟು ಹೋಗಿ" ಅನ್ನೋರಿಗೂ ಒಂದು ಮಾತು. ನಾನು ಒಪ್ಪಲ್ಲ. ದೊಡ್ಡ ವಿಮಾನದಲ್ಲಿ ಗುಂಡನ ಗಾತ್ರದ ನಾಯಿ ಸಾಮಾನ್ಯವಾಗಿ ಕೆಳಗಿನ ಕಾರ್ಗೋ ಭಾಗದಲ್ಲಿ ಒಂಟಿಯಾಗಿ ಹೋಗ್ಬೇಕು. ಸಣ್ಣ ವಿಮಾನದಲ್ಲಿ ಅವನಿಗೆ ನಮ್ಮ ವಾಸನೆ, ನಮ್ಮ ದನಿ ಪಕ್ಕದಲ್ಲೇ ಇರುತ್ತೆ. ಇಲ್ಲಿ ಪೈಲಟ್ಸ್ ಎನ್ ಪಾಸ್ ಅಂತ ಒಂದು ಸಂಸ್ಥೆ ಇದೆ, 2008ರಲ್ಲಿ ಶುರುವಾದದ್ದು. ಜಾಗ ಇಲ್ಲದ ಆಶ್ರಯಗಳಿಂದ ನಾಯಿಗಳನ್ನ ಹೊಸ ಮನೆಗಳ ಕಡೆಗೆ ಪೈಲಟ್‌ಗಳು ಸ್ವಂತ ಖರ್ಚಲ್ಲಿ ಹಾರಿಸಿ ತಲುಪಿಸ್ತಾರೆ. ಸಣ್ಣ ವಿಮಾನದಿಂದ ನಾಯಿಗೆ ಒಳ್ಳೇದೂ ಆಗುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಹಾಗಾಗಿ ನಾವು ಬಿಡ್ಲಿಲ್ಲ, ಮೊದಲಿಂದ ಶುರು ಮಾಡಿದ್ವಿ. ಎಂಜಿನ್ ಆಫ್ ಇದ್ದ ವಿಮಾನದಲ್ಲಿ ಸುಮ್ನೆ ಕೂತು ಬಿಸ್ಕತ್ತು. ಮುಂದಿನ ವಾರ ಎಂಜಿನ್ ಆನ್ ಮಾಡಿ ನೆಲದ ಮೇಲೇ ಒಂದು ಸುತ್ತು. ಆಮೇಲೆ ಬೆಳಿಗ್ಗೆ ಬೇಗ ಇಪ್ಪತ್ತು ನಿಮಿಷ ಹಾರಾಟ. ಈಗ ಅವನಿಗೆ ಕಾರಿಗೆಂದು ಕ್ರ್ಯಾಶ್ ಟೆಸ್ಟ್ ಮಾಡಿದ ಎದೆ ಹಾರ್ನೆಸ್, ಅದರೊಳಗಿಂದ ಹಿಂದಿನ ಸೀಟಿನ ಬೆಲ್ಟ್. ಕುತ್ತಿಗೆ ಪಟ್ಟಿಗೆ ಯಾವತ್ತೂ ಕಟ್ಟಲ್ಲ, ಕುಲುಕಿದ್ರೆ ಕುತ್ತಿಗೆಗೇ ಪೆಟ್ಟು. ಹಿಂದೆ ಜೊತೆಗೆ ಯಾರಾದ್ರೂ ಇರಲೇಬೇಕು. ನಾನೊಬ್ಬನೇ ಇದ್ರೆ ಅವನು ಬಿಗಿದು ಕಟ್ಟಿದ ಕ್ರೇಟಲ್ಲಿ. ಬೇಸಿಗೆ ಮಧ್ಯಾಹ್ನದ ಹಾರಾಟ ಬಂದ್.

ಇನ್ನೊಂದು ನಿರ್ಧಾರ, ಹೇಳೋಕೆ ಕಷ್ಟ ಆಗೋದು: ಹಿಂದೆ ಗುಂಡ ಅತ್ರೂ, ವಾಂತಿ ಮಾಡಿದ್ರೂ, ನಾನು ತಿರುಗಲ್ಲ. ನಾನು ವಿಮಾನ ಬಿಟ್ಟು ಅವನನ್ನ ನೋಡ್ಕೊಂಡ್ರೆ ಮೂವರಿಗೂ ಯಾರೂ ಇಲ್ಲ.

(7/7)
"ನಮ್ಮ ಹತ್ರ ವಿಮಾನ ಎಲ್ಲಿದೆ ಸ್ವಾಮಿ, ಇದೆಲ್ಲಾ ನಮಗ್ಯಾಕೆ" ಅಂತ ಕೇಳ್ತೀರಾ? ಆಕ್ಟಿವಾದ ಮುಂದೆ ಕಾಲಿಡೋ ಜಾಗದಲ್ಲಿ ನಾಯಿ ನಿಲ್ಲಿಸ್ಕೊಂಡು ರಿಂಗ್ ರೋಡಲ್ಲಿ ಹೋಗ್ತೀವಲ್ಲ, ಅದಕ್ಕೂ ಇದೇ ಮಾತು. ಕಾರಿನ ಸ್ಟೇರಿಂಗ್ ಮುಂದೆ ಮಡಿಲಲ್ಲಿ ಕೂರಿಸ್ಕೊಂಡು ರೀಲ್ಸ್ ಮಾಡ್ತೀವಲ್ಲ, ಅದಕ್ಕೂ. ಬ್ರೇಕ್ ಹಾಕಿದಾಗ ಏನಾಗುತ್ತೆ ಅನ್ನೋದು ರೀಲ್ಸಲ್ಲಿ ಬರಲ್ಲ.

ಮೊನ್ನೆ ಅಮ್ಮನಿಗೆ ವಿಡಿಯೋ ಕಾಲಲ್ಲಿ ಹೊಸ ಹಾರ್ನೆಸ್ ತೋರಿಸಿದೆ. "ಅಯ್ಯೋ, ನಾಯಿಗೂ ಬೆಲ್ಟಾ?" ಅಂತ ನಕ್ಕರು. ಆಮೇಲೆ ಅವತ್ತು ಮಧ್ಯಾಹ್ನ ಆದದ್ದನ್ನ ಮೊದಲ ಸಲ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಕೊನೆಗೆ ಅಂದ್ರು, "ಸರಿ ಕಣೋ. ಆದ್ರೆ ಆ ಪಟ್ಟಿ ಕಂಕುಳಲ್ಲಿ ಒತ್ತುತ್ತಾ ನೋಡು, ಒಳಗೆ ಒಂದು ಮೆತ್ತನೆ ಬಟ್ಟೆ ಕೊಟ್ಟು ಹೊಲಿ."

ಹೊಲಿದಿದ್ದೀನಿ. ಈ ಪೋಸ್ಟಿನ ಫೋಟೋ ಅದರದ್ದೇ. ಗುಂಡನ ಮುಖ ಅರ್ಧ ಕಾಣಲ್ಲ, ಪಟ್ಟಿ, ಬಕಲ್ಲೇ ಜಾಸ್ತಿ. ಹಳೇದರಷ್ಟು ಚೆಂದ ಇಲ್ಲ, ಗೊತ್ತು. ಲೈಕ್ ಕಮ್ಮಿ ಬಂದ್ರೂ ಇದು ಇಲ್ಲೇ ಇರುತ್ತೆ.

ಹಳೇ ಫೋಟೋನ ಯಾರಾದ್ರೂ ಸೇವ್ ಮಾಡಿ ಶೇರ್ ಮಾಡಿದ್ರೆ, ದಯವಿಟ್ಟು ಅದರ ಜೊತೆ ಇದನ್ನೂ ಕಳಿಸಿ. ಆ ಪಗ್‌ನ ಮನೆಯವರಿಗೆ ನಾನೇ ಫೋನ್ ಮಾಡಿ ಹೇಳಿದ್ದೀನಿ. ನಿಮ್ಮ ನಾಯೀನ ನೀವು ಗಾಡಿಯಲ್ಲಿ ಹೇಗೆ ಕರ್ಕೊಂಡು ಹೋಗ್ತೀರಾ? ಕಾಮೆಂಟಲ್ಲಿ ಬರೀರಿ, ಬೈಯೋದಿದ್ರೂ ಬರೀರಿ, ಓದ್ತೀನಿ. 🐾

#ಗುಂಡನಹಾರಾಟ #ನಾಯಿಗೂಬೆಲ್ಟ್ #ಹಾಸನದಹುಡುಗ #ಕನ್ನಡದಲ್ಲಿವಿಮಾನ