ಮನವಿ ಪತ್ರ: ತೊಗರಿ, ಕೂಲಿ, ಕಲಿಕೆ ಮತ್ತು ಪಿಂಚಣಿ ಕುರಿತ ಕೇಂದ್ರದ ನಿರ್ಧಾರಗಳ ಮರುಪರಿಶೀಲನೆಗಾಗಿ

ಗೆ,
ಸನ್ಮಾನ್ಯ ರಾಷ್ಟ್ರಪತಿಗಳು,
ರಾಷ್ಟ್ರಪತಿ ಭವನ, ನವದೆಹಲಿ

ಮುಖಾಂತರ: ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ ಹಾಗೂ ಮಾನ್ಯ ತಹಸೀಲ್ದಾರರು, ಕಮಲಾಪುರ

ಇಂದ: ಕಲಬುರಗಿ ನಗರ ಮತ್ತು ಕಮಲಾಪುರ ತಾಲ್ಲೂಕಿನ ರೈತರು, ಕೃಷಿ ಕೂಲಿಕಾರರು, ಗಂಜ್ ಹಮಾಲರು, ದಾಲ್ ಮಿಲ್ ಕಾರ್ಮಿಕರು, ಅಂಗನವಾಡಿ ಮತ್ತು ಬಿಸಿಯೂಟ ನೌಕರರು, ವಿದ್ಯಾರ್ಥಿಗಳು

ದಿನಾಂಕ: ಜನವರಿ 2026

ವಿಷಯ: ವ್ಯಾಪಾರ, ಕಾರ್ಮಿಕ, ಶಿಕ್ಷಣ ಹಾಗೂ ಕಲ್ಯಾಣ ಕ್ಷೇತ್ರಗಳಲ್ಲಿ ಕೇಂದ್ರ ಸರ್ಕಾರ ಕೈಗೊಂಡಿರುವ ನಿರ್ಧಾರಗಳನ್ನು ನಮ್ಮ ಭಾಗದ ಸ್ಥಿತಿಗತಿ ನೋಡಿ ಬದಲಾಯಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ದೆಹಲಿಯಲ್ಲಿ ಬೇರೆ ಬೇರೆ ಸಚಿವಾಲಯಗಳ ಕಡತಗಳಲ್ಲಿರುವ ಆದೇಶಗಳೆಲ್ಲ ಇಲ್ಲಿ ಒಂದೇ ಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತವೆ. ಕಮಲಾಪುರದ ಕಡೆಯ ಒಣಬೇಸಾಯದ ಮನೆಯಲ್ಲಿ ಹಿರಿ ಮಗ ತೊಗರಿ ಬೆಳೆಯುತ್ತಾನೆ, ಕಿರಿಯವನು ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಾನೆ. ಸೊಸೆ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುತ್ತಾಳೆ, ಮೊಮ್ಮಗಳು ಕಾಲೇಜಿಗೆಂದು ಬೆಳಗಿನ ಬಸ್ ಹತ್ತುತ್ತಾಳೆ, ಅಜ್ಜಿ ಪಿಂಚಣಿಯ ದಾರಿ ಕಾಯುತ್ತಾಳೆ. ಆದ್ದರಿಂದ ಇಲಾಖೆಗೊಂದರಂತೆ ಬರೆಯದೆ ಎಲ್ಲವನ್ನೂ ಒಂದೇ ಮನವಿಯಲ್ಲಿ ಸಲ್ಲಿಸುತ್ತಿದ್ದೇವೆ. ಇವುಗಳಲ್ಲಿ ತೊಗರಿಯದು ಮೊದಲ ಮಾತು, ಏಕೆಂದರೆ ಅದಕ್ಕೆ ಗಡುವಿದೆ.

ತೊಗರಿ

ನಮ್ಮ ಜಿಲ್ಲೆಯಲ್ಲಿ ಸುಮಾರು 6 ಲಕ್ಷ ಹೆಕ್ಟೇರ್ ಎರೆ ಭೂಮಿಯಲ್ಲಿ ತೊಗರಿ ಬಿತ್ತನೆಯಾಗುತ್ತದೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ. ಜೂನ್‌ನಲ್ಲಿ ಬಿತ್ತಿದರೆ ರಾಶಿ ಮುಗಿಯುವುದು ಜನವರಿಗೆ. ಆರೇಳು ತಿಂಗಳು ಹೊಲ ಹಿಡಿಯುವ ಈ ಬೆಳೆ ಕೈಕೊಟ್ಟರೆ ಆ ವರ್ಷ ಮತ್ತೊಂದಿಲ್ಲ. ನೆಟೆ ರೋಗ ಬಂದ ವರ್ಷ ಅದನ್ನು ಕಂಡಿದ್ದೇವೆ. ಕಳೆದ ಮುಂಗಾರಿನ ಅತಿವೃಷ್ಟಿಯಲ್ಲಿ, ಭೀಮೆಯ ಪ್ರವಾಹದಲ್ಲಿ ಮತ್ತೆ ಕಂಡೆವು.

2021ರ ಮೇ ತಿಂಗಳಿನಿಂದ ಕೇಂದ್ರ ಸರ್ಕಾರ ತೊಗರಿಯನ್ನು ಮುಕ್ತ ಆಮದು ಪಟ್ಟಿಗೆ ಸೇರಿಸಿದೆ. 2023ರ ಮಾರ್ಚ್‌ನಲ್ಲಿ ಇಡೀ ಕಾಳಿನ ಮೇಲಿದ್ದ ಶೇ 10ರ ಸುಂಕವನ್ನೂ ತೆಗೆಯಿತು. ಈ ಸಡಿಲಿಕೆ ವರ್ಷದಿಂದ ವರ್ಷಕ್ಕೆ ಮುಂದುವರಿದು ಈಗ 2026ರ ಮಾರ್ಚ್ 31ರವರೆಗೆ ಇದೆ. 2024–25ರಲ್ಲಿ ದೇಶಕ್ಕೆ ಬಂದ ತೊಗರಿ 12 ಲಕ್ಷ ಟನ್‌ಗೂ ಹೆಚ್ಚು. ಮೊಜಾಂಬಿಕ್‌ನಿಂದ ತೊಗರಿ ತರಿಸುವ ಒಪ್ಪಂದವನ್ನು 2016ರಲ್ಲಿ ಮಾಡಿಕೊಂಡು, 2021ರಲ್ಲಿ ವರ್ಷಕ್ಕೆ 2 ಲಕ್ಷ ಟನ್‌ನಂತೆ ಮತ್ತೆ ಐದು ವರ್ಷಕ್ಕೆ ಮುಂದುವರಿಸಲಾಯಿತು.

ಎಷ್ಟು ಬಂತು ಎಂಬುದಕ್ಕಿಂತ ಯಾವಾಗ ಬಂತು ಎಂಬುದು ನಮಗೆ ಹೆಚ್ಚು ಪೆಟ್ಟು ಕೊಡುತ್ತಿದೆ. ಆಫ್ರಿಕಾದ ತೊಗರಿ ನಮ್ಮಲ್ಲಿ ಹೂವು ಕಟ್ಟುವ ಹೊತ್ತಿಗೆ ಬಂದರು ಮುಟ್ಟುತ್ತದೆ. ನಮ್ಮ ರಾಶಿ ಗಂಜ್‌ಗೆ ಬರುವಷ್ಟರಲ್ಲಿ ಖರೀದಿದಾರರ ಗೋದಾಮು ಅರ್ಧ ತುಂಬಿರುತ್ತದೆ. ಬಂದರಿನ ಹತ್ತಿರದ ಮಿಲ್ಲುಗಳಿಗೆ ಆಮದು ಕಾಳು ಸಲೀಸಾಗಿ ಸಿಗುತ್ತದೆ. ತೊಗರಿ ನಾಡಿನ ನಡುವೆಯೇ ಇದ್ದರೂ ಕಲಬುರಗಿಯ ದಾಲ್ ಮಿಲ್ಲುಗಳಲ್ಲಿ ಎಷ್ಟೋ ಬೀಗ ಹಾಕಿವೆ. 2024ರ ನಡುವೆ ಕ್ವಿಂಟಲ್‌ಗೆ 10 ಸಾವಿರ ದಾಟಿದ್ದ ದರ ನಮ್ಮ ಕೈಯಲ್ಲಿ ಮಾಲು ಬಂದಾಗ ಇಳಿಯಿತು. ಈ ಸಾಲಿನ ಬೆಂಬಲ ಬೆಲೆ ₹8,000 ಎಂದು ಸರ್ಕಾರವೇ ಸಾರಿದ್ದರೂ ಡಿಸೆಂಬರ್‌ನಲ್ಲಿ ಅದಕ್ಕಿಂತ ಕಡಿಮೆಗೆ ಮಾರಿದವರು ಈ ಮನವಿಗೆ ಸಹಿ ಹಾಕಿದ್ದಾರೆ.

ಬೆಂಬಲ ಬೆಲೆ ಖರೀದಿ ಕೇಂದ್ರವಿದೆಯಲ್ಲ ಎಂದು ಕೇಳಬಹುದು. ಅಲ್ಲಿ ನಡೆಯುವುದನ್ನು ಇದ್ದಂತೆಯೇ ಹೇಳುತ್ತೇವೆ. ನೋಂದಣಿಗೆ ಫ್ರೂಟ್ಸ್ ಐಡಿ ಬೇಕು, ಪಹಣಿಯಲ್ಲಿ ಬೆಳೆ ನಮೂದಾಗಿರಬೇಕು. ಪಾಲಿಗೆ ಹೊಲ ಮಾಡಿದವನ ಹೆಸರು ಪಹಣಿಯಲ್ಲಿ ಇರುವುದೇ ಇಲ್ಲ. ಸರದಿ ಬಂದ ದಿನ ಬಾಡಿಗೆ ಟೆಂಪೊದಲ್ಲಿ ಚೀಲ ಹೇರಿಕೊಂಡು ಹೋದರೆ, ಒಂದು ಹಿಡಿ ಕಾಳನ್ನು ಯಂತ್ರಕ್ಕೆ ಹಾಕಿ ತೇವಾಂಶ ನೋಡುತ್ತಾರೆ. ಶೇ 12 ದಾಟಿದರೆ ಮಾಲು ವಾಪಸ್. ಸಾಲದವನು ಮನೆಯಲ್ಲಿ ಕಾಯುತ್ತಿರುವಾಗ ಚೀಲವನ್ನು ಊರಿಗೆ ಒಯ್ದು ಒಣಗಿಸಿ ಮತ್ತೆ ತರುವಷ್ಟು ಬಾಡಿಗೆ ಯಾರ ಬಳಿ ಇರುತ್ತದೆ? ಅದೇ ಟೆಂಪೊ ನೇರ ಅಡತಿ ಅಂಗಡಿಗೆ ತಿರುಗುತ್ತದೆ, ಅಲ್ಲಿ ಹೇಳಿದ್ದೇ ದರ.

ಪೇಟೆಯ ಗ್ರಾಹಕರಿಗೆ ಬೇಳೆ ಅಗ್ಗವಾಗಿ ಸಿಗಬೇಕು ಎಂಬ ಸರ್ಕಾರದ ಕಾಳಜಿಗೆ ನಮ್ಮ ತಕರಾರಿಲ್ಲ. ಇಡೀ ಕಾಳು ಮಾರಿ ಬೇಳೆ ಕೊಂಡು ತಿನ್ನುವವರು ನಾವು. ಆದರೆ 2027ರ ಡಿಸೆಂಬರ್ ಹೊತ್ತಿಗೆ ಬೇಳೆಕಾಳಿನಲ್ಲಿ ದೇಶ ಸ್ವಾವಲಂಬಿಯಾಗಬೇಕೆಂದು ಕೇಂದ್ರ ಸಚಿವರು 2024ರ ಜನವರಿಯಲ್ಲಿ ಹೇಳಿದರು. ಕಳೆದ ಅಕ್ಟೋಬರ್‌ನಲ್ಲಿ ₹11,440 ಕೋಟಿಯ ಬೇಳೆಕಾಳು ಮಿಷನ್‌ಗೂ ಚಾಲನೆ ಸಿಕ್ಕಿತು. ಒಂದು ಕೈಯಲ್ಲಿ ಬಿತ್ತಿರಿ ಎಂದು ಬೀಜ ಕೊಟ್ಟು ಇನ್ನೊಂದು ಕೈಯಲ್ಲಿ ಬಂದರಿನ ಬಾಗಿಲು ತೆರೆದಿಟ್ಟರೆ ಮುಂದಿನ ವರ್ಷ ತೊಗರಿ ಬಿತ್ತುವವರು ಯಾರು? ಹಳದಿ ಬಟಾಣಿಯ ವಿಷಯದಲ್ಲಿ ಸರ್ಕಾರ ಎಚ್ಚೆತ್ತು 2025ರ ನವೆಂಬರ್ 1ರಿಂದ ಶೇ 30ರ ಸುಂಕ ಹಾಕಿದೆ. ಬಟಾಣಿಗೆ ಆದದ್ದು ತೊಗರಿಗೆ ಏಕೆ ಆಗುವುದಿಲ್ಲ?

ಆದ್ದರಿಂದ ಸುಂಕರಹಿತ ಆಮದನ್ನು ಮಾರ್ಚ್ 31ರ ನಂತರ ಮುಂದುವರಿಸಬಾರದು. ಮುಂದೆ ಆಮದು ಅನಿವಾರ್ಯವಾದರೂ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಮತ್ತು ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಕೆಳಗಿರುವ ಯಾವುದೇ ತಿಂಗಳಲ್ಲಿ, ಸುಂಕ ತಾನಾಗಿಯೇ ಜಾರಿಗೆ ಬರುವಂತೆ ನಿಯಮ ಮಾಡಬೇಕು. ಮೊಜಾಂಬಿಕ್ ಒಪ್ಪಂದವನ್ನು ಬೆಳೆಗಾರರನ್ನು ಕೇಳದೆ ನವೀಕರಿಸಬಾರದು. ಖರೀದಿ ಕೇಂದ್ರಗಳು ರಾಶಿಗೆ ಮುಂಚೆಯೇ ತೆರೆಯಬೇಕು, ಹೋಬಳಿಗೊಂದು ಒಣಗಿಸುವ ಕಟ್ಟೆ ಬೇಕು, ಪಾಲುಗಾರರಿಗೂ ನೋಂದಣಿ ಸಿಗಬೇಕು. ಹೀಗೆ ಖರೀದಿಸಿದ ತೊಗರಿಯನ್ನು ಇಲ್ಲಿನ ಮಿಲ್ಲುಗಳಲ್ಲೇ ಬೇಳೆ ಮಾಡಿಸಿ ಪಡಿತರಕ್ಕೂ ಬಿಸಿಯೂಟಕ್ಕೂ ಬಳಸಿದರೆ ರೈತ, ಮಿಲ್ ಕಾರ್ಮಿಕ, ಶಾಲೆಯ ಮಗು ಮೂವರಿಗೂ ದಾರಿಯಾದೀತು. ಬೆಂಬಲ ಬೆಲೆಗೆ ಕಾನೂನಿನ ಖಾತರಿ ಕೊಡಬೇಕೆಂಬ ದೇಶದ ರೈತರ ಬೇಡಿಕೆ ನಮ್ಮದೂ ಹೌದು.

ಇದೇ ಜಾಡಿನಲ್ಲಿ ಕಮಲಾಪುರದ ಕೆಂಪು ಬಾಳೆಯ ಮಾತನ್ನೂ ಹೇಳಬೇಕು. ಅದಕ್ಕೂ ಭೌಗೋಳಿಕ ಮಾನ್ಯತೆಯ ಪತ್ರವಿದೆ. ಗೊನೆ ಕೈಗೆ ಬರಲು ಒಂದೂವರೆ ವರ್ಷ ಬೇಕು. ಪತ್ರ ಬಂದ ಮೇಲೆ ಶೀತಲಗೃಹ ಬರಲಿಲ್ಲ, ರಫ್ತಿನ ದಾರಿ ತೋರಿಸಲಿಲ್ಲ, ತೋಟಗಳು ಕಡಿಮೆಯಾಗುತ್ತಿವೆ.

ಹಮಾಲರು ಮತ್ತು ಮಿಲ್ ಕಾರ್ಮಿಕರು

2025ರ ನವೆಂಬರ್ 21ರಿಂದ 29 ಕಾರ್ಮಿಕ ಕಾಯ್ದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು ಜಾರಿಗೆ ಬಂದಿವೆ. ಸರ್ಕಾರ, ಮಾಲೀಕರು, ಕಾರ್ಮಿಕರು ಒಟ್ಟಿಗೆ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನ ಮಾತ್ರ 2015ರ ನಂತರ ನಡೆದೇ ಇಲ್ಲ.

ಸಂಹಿತೆಗಳಲ್ಲಿ ಒಳ್ಳೆಯದೇನೂ ಇಲ್ಲ ಎನ್ನುವವರು ನಾವಲ್ಲ. ಪ್ರತಿ ಕಾರ್ಮಿಕನಿಗೂ ನೇಮಕಾತಿ ಪತ್ರ ಕೊಡಬೇಕು ಎಂದಿರುವುದು ಸ್ವಾಗತಾರ್ಹ. ಆದರೆ ನೆಹರು ಗಂಜ್‌ನ ಹಮಾಲನಿಗೆ ಆ ಪತ್ರ ಬರೆದುಕೊಡುವವರು ಯಾರು? ಅವನು ಬೆಳಗ್ಗೆ ಒಂದು ಅಂಗಡಿಯ ಚೀಲ ಇಳಿಸುತ್ತಾನೆ, ಮಧ್ಯಾಹ್ನ ಇನ್ನೊಂದರ ಲಾರಿ ತುಂಬುತ್ತಾನೆ. ಚೀಲಕ್ಕಿಷ್ಟು ಎಂದು ಕೂಲಿ. ಬೆನ್ನು ಹೋದ ದಿನ ಅವನಿಗೆ ಮಾಲೀಕನೇ ಇಲ್ಲ. ಇದೇ ಊರಿನ ಸೇಡಂ ರಸ್ತೆಯಲ್ಲಿ ಕಾರ್ಮಿಕರ ವಂತಿಗೆಯಿಂದ ಎದ್ದ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ವಿಮೆಯ ಚೀಟಿ ಅವನ ಬಳಿ ಇಲ್ಲ.

ಮಿಲ್ಲುಗಳ ಕಥೆ ಬೇರೆ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಮಂದಿ ದುಡಿದರೆ ಅದು ಕಾರ್ಖಾನೆ. ಈಗ 20 ಮಂದಿ ಬೇಕು. ಹನ್ನೆರಡು ಹದಿನೈದು ಜನರಿಂದ ನಡೆಯುವ ದಾಲ್ ಮಿಲ್ಲು ಇದರಿಂದ ಕಾರ್ಖಾನೆಯ ಲೆಕ್ಕದಿಂದಲೇ ಹೊರಗೆ ಬಿತ್ತು. ಬೆಲ್ಟ್‌ಗೆ ಕೈ ಸಿಕ್ಕರೆ, ಹೊಟ್ಟಿನ ಧೂಳಿಗೆ ಎದೆ ಕಟ್ಟಿದರೆ ಕೇಳುವವರು ಕಡಿಮೆಯಾದರು. ಸರ್ಕಾರದ ಅನುಮತಿಯಿಲ್ಲದೆ ಕಾರ್ಮಿಕರನ್ನು ತೆಗೆಯುವ ಮಿತಿಯನ್ನು 100ರಿಂದ 300ಕ್ಕೆ, ಗುತ್ತಿಗೆ ಕಾರ್ಮಿಕ ನಿಯಮದ ಮಿತಿಯನ್ನು 20ರಿಂದ 50ಕ್ಕೆ ಏರಿಸಲಾಗಿದೆ. ಸಿಮೆಂಟ್ ಕಾರ್ಖಾನೆಗಳ ಜಿಲ್ಲೆಯಾದ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಈ ಮಿತಿಗಳನ್ನು ಹಿಂದಿನಂತೆಯೇ ಇಡಬೇಕು. ಹಮಾಲರಿಗೆ ಬೇರೆ ದೇಶದ ಮಾದರಿ ಹುಡುಕಬೇಕಾಗಿಲ್ಲ, ಗಡಿಯಾಚೆಯ ಸೊಲ್ಲಾಪುರ ನೋಡಿದರೆ ಸಾಕು. ಮಹಾರಾಷ್ಟ್ರದ 1969ರ ಮಾಥಾಡಿ ಕಾಯ್ದೆಯಲ್ಲಿ ಹಮಾಲನ ಕೂಲಿಯೊಂದಿಗೆ ಮಂಡಳಿಯ ಲೆವಿಯನ್ನೂ ವ್ಯಾಪಾರಿಯೇ ಕಟ್ಟುತ್ತಾನೆ. ಭವಿಷ್ಯನಿಧಿ, ಚಿಕಿತ್ಸೆ ಅದರಿಂದ ಬರುತ್ತದೆ. ಇದನ್ನೇ ಸಾಮಾಜಿಕ ಭದ್ರತಾ ಸಂಹಿತೆಯಡಿ ಇಡೀ ದೇಶದ ಮಾರುಕಟ್ಟೆಗಳಿಗೆ ವಿಸ್ತರಿಸಬೇಕು.

ಉದ್ಯೋಗ ಖಾತರಿ

2006ರ ಫೆಬ್ರುವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಉದ್ಯೋಗ ಖಾತರಿ ಆರಂಭವಾದಾಗ ಆಗ ಗುಲ್ಬರ್ಗ ಎನಿಸಿದ್ದ ನಮ್ಮ ಜಿಲ್ಲೆ ಅವುಗಳಲ್ಲಿ ಒಂದಾಗಿತ್ತು. ಇಪ್ಪತ್ತು ವರ್ಷ ತುಂಬುವ ಮೊದಲೇ, ಕಳೆದ ಡಿಸೆಂಬರ್‌ನಲ್ಲಿ, ಮಹಾತ್ಮ ಗಾಂಧಿಯವರ ಹೆಸರಿನ ಆ ಕಾಯ್ದೆಯ ಬದಲು ‘ವಿಬಿ–ಜಿ ರಾಮ್ ಜಿ’ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. 100 ದಿನ 125 ಆಗಿದೆ, ಸರಿ. ಆದರೆ ಕೂಲಿಯ ಪೂರ್ತಿ ಹೊಣೆ ಹೊತ್ತಿದ್ದ ಕೇಂದ್ರ ಈಗ ಶೇ 40ರಷ್ಟು ಹೊರೆಯನ್ನು ರಾಜ್ಯದ ತಲೆಗೆ ಹಾಕಿದೆ, ಎಷ್ಟು ಹಣ ಎಂಬುದನ್ನೂ ಮೊದಲೇ ತಾನೇ ಗೊತ್ತುಮಾಡುತ್ತದೆ. ಕೇಳಿದವರಿಗೆ ಕೆಲಸ ಎಂಬ ಮಾತು ಇಲ್ಲಿಗೆ ತೆಳುವಾಯಿತು.

ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ 60 ದಿನ ಕೆಲಸ ನಿಲ್ಲಿಸಬಹುದೆಂಬ ಕಲಮನ್ನು ಬರೆದವರು ಈಗಿನ ತೊಗರಿ ಹೊಲ ನೋಡಿಲ್ಲ. ರಾಶಿ ಮಷೀನ್ ಬಂದ ಮೇಲೆ ಹತ್ತಾರು ಕೈಗಳ ಕೆಲಸ ಗಂಟೆಗಳಲ್ಲಿ ಮುಗಿಯುತ್ತಿದೆ, ಕಳೆ ಕೀಳುವಲ್ಲಿ ಔಷಧಿ ಹೊಡೆಯುತ್ತಾರೆ. ಸುಗ್ಗಿಯಲ್ಲೂ ಕೆಲಸವಿಲ್ಲದ ಹೆಂಗಸರಿಗೆ ಸುಗ್ಗಿಯೆಂದು ಹೇಳಿ ಕೆಲಸ ನಿಲ್ಲಿಸಿದರೆ ಉಳಿಯುವುದು ಪುಣೆ, ಮುಂಬೈ, ಹೈದರಾಬಾದ್‌ನ ದಾರಿಯೊಂದೇ. ಹಾಜರಾತಿಯದು ಇನ್ನೊಂದು ಗೋಳು. ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆರಡು ಸಲ ಫೋಟೊ ಏರಿಸಬೇಕು. ನೆಟ್‌ವರ್ಕ್ ಸಿಗದಿದ್ದರೆ ಹಾಜರಿ ಹಾಕುವ ಕಾಯಕ ಬಂಧು ಫೋನ್ ಎತ್ತಿ ಹಿಡಿದು ದಿಬ್ಬ ಹತ್ತುತ್ತಾರೆ. ಫೋಟೊ ಏರದಿದ್ದರೆ ಅಗೆದ ಮಣ್ಣು ಕಣ್ಣೆದುರಿಗಿದ್ದರೂ ಆ ದಿನದ ₹370 ಇಲ್ಲ.

60 ದಿನದ ಕಲಮನ್ನು ಕೈಬಿಡಬೇಕು, ಹಳೆಯ ಹಣಕಾಸು ಪಾಲನ್ನು ಮರಳಿ ತರಬೇಕು, ಆ್ಯಪ್ ಕೆಟ್ಟ ದಿನ ಹಾಜರಿ ಪುಸ್ತಕವನ್ನೇ ಒಪ್ಪಬೇಕು.

ಶಿಕ್ಷಣ

2009ರಲ್ಲಿ ಸ್ಥಾಪನೆಯಾಗಿ ನಮ್ಮ ಜಿಲ್ಲೆಯ ಕಡಗಂಚಿಯಲ್ಲಿ ನೆಲೆಸಿದ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಮಕ್ಕಳಿಗೆ ಹತ್ತಿರವಾಯಿತು ಎಂದುಕೊಂಡೆವು. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ರಾಜ್ಯದ ಸಂಸ್ಥೆಗಳಿಗಷ್ಟೇ ಸಲ್ಲುತ್ತದೆ, ಕಡಗಂಚಿಗೆ ಇಲ್ಲ. 2022ರಿಂದ ಪ್ರವೇಶ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಮೂಲಕ. ಪದವಿಯ ಪ್ರವೇಶ ಪರೀಕ್ಷೆ ಕನ್ನಡದಲ್ಲೂ ಇದೆ, ಸ್ನಾತಕೋತ್ತರಕ್ಕೆ ಬಂದರೆ ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ಕನ್ನಡದಲ್ಲಿ ಇತಿಹಾಸ, ಅರ್ಥಶಾಸ್ತ್ರ ಓದಿ ಪದವಿ ಪಡೆದ ಕಮಲಾಪುರದ ಹುಡುಗಿ ತನ್ನದೇ ಜಿಲ್ಲೆಯ ವಿಶ್ವವಿದ್ಯಾಲಯಕ್ಕೆ ಪರಭಾಷೆಯಲ್ಲಿ ಪರೀಕ್ಷೆ ಬರೆಯಬೇಕು. ಸ್ನಾತಕೋತ್ತರ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬೇಕು, ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಸೀಟುಗಳಲ್ಲಿ ಪಾಲು ಬೇಕು. 2022ರಲ್ಲಿ 1ರಿಂದ 8ನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗೆ ನಿಂತ ಕೇಂದ್ರದ ವಿದ್ಯಾರ್ಥಿವೇತನ ಮತ್ತೆ ಬರಬೇಕು. ಶಿಕ್ಷಣ ಹಕ್ಕು ಕಾಯ್ದೆ ಇದೆ ಎಂಬ ಕಾರಣಕ್ಕೆ ಅದನ್ನು ನಿಲ್ಲಿಸಿದರಂತೆ. ಪೆನ್ನು, ಚಪ್ಪಲಿ, ಬಸ್ ಚಾರ್ಜು ಕಾಯ್ದೆಯಿಂದ ಬರುವುದಿಲ್ಲ.

ಪಿಂಚಣಿ ಮತ್ತು ಗೌರವಧನ

ಇಲ್ಲಿ ಅಂಕಿಗಳೇ ಸಾಕು. ವೃದ್ಧಾಪ್ಯ ವೇತನದಲ್ಲಿ 80 ವರ್ಷದೊಳಗಿನವರಿಗೆ ಕೇಂದ್ರದ ಪಾಲು ತಿಂಗಳಿಗೆ ₹200. 2007ರಲ್ಲೂ ಅಷ್ಟೇ, ಇಂದೂ ಅಷ್ಟೇ. ಬಿಸಿಯೂಟ ಅಡುಗೆಯವರಿಗೆ 2009ರಲ್ಲಿ ಗೊತ್ತುಮಾಡಿದ ₹1,000ದಲ್ಲಿ ಕೇಂದ್ರ ಕೊಡುವುದು ₹600, ಅದೂ ವರ್ಷಕ್ಕೆ ಹತ್ತು ತಿಂಗಳು. ಅಂಗನವಾಡಿ ಕಾರ್ಯಕರ್ತೆಯ ಗೌರವಧನದ ಕೇಂದ್ರ ಲೆಕ್ಕ 2018ರಿಂದ ₹4,500ರಲ್ಲೇ ನಿಂತಿದೆ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆಗೆ ಕಳೆದ ಅಕ್ಟೋಬರ್ 2ಕ್ಕೆ 50 ವರ್ಷ ತುಂಬಿತು. ಆ ವರ್ಷ ಕಾರ್ಯಕರ್ತೆಯರಿಗೆ ಸಿಕ್ಕಿದ್ದು ಪೌಷ್ಟಿಕ ಆಹಾರ ಕೊಡಲು ಆ್ಯಪ್‌ನಲ್ಲಿ ಮುಖಚಹರೆ ಗುರುತಿಸಬೇಕೆಂಬ ಹೊಸ ಕಟ್ಟಳೆ. ಈ ಮೊತ್ತಗಳನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿ ಏರಿಸಬೇಕು, ಕೇಂದ್ರದ ಪಿಂಚಣಿ ಪಾಲು ₹2,000ಕ್ಕಿಂತ ಕಡಿಮೆ ಇರಬಾರದು.

ಇವುಗಳ ಜೊತೆಗೆ, 2014ರ ರೈಲ್ವೆ ಬಜೆಟ್‌ನಲ್ಲಿ ಘೋಷಣೆಯಾದ ಕಲಬುರಗಿ ರೈಲ್ವೆ ವಿಭಾಗವೂ, 2023ರ ಮಾರ್ಚ್‌ನಲ್ಲಿ ಘೋಷಣೆಯಾದ ಪಿಎಂ ಮಿತ್ರ ಜವಳಿ ಪಾರ್ಕೂ ಹಳೆಯ ಬಾಕಿಗಳು. ಎರಡಕ್ಕೂ ದಿನಾಂಕ ಹಾಕಿದ ಕಾಲಪಟ್ಟಿ ಕೊಡಬೇಕು.

ಮಾನ್ಯ ಜಿಲ್ಲಾಧಿಕಾರಿಗಳಲ್ಲಿ ಒಂದು ವಿನಂತಿ. ಈ ಮನವಿಯನ್ನು ಬರೀ ಮೇಲ್ಮುದ್ರೆ ಹಾಕಿ ಕಳಿಸದೆ, ಗಂಜ್‌ನ ಡಿಸೆಂಬರ್ ಮತ್ತು ಜನವರಿಯ ದಿನವಾರು ತೊಗರಿ ದರಪಟ್ಟಿಯನ್ನೂ ಖರೀದಿ ಕೇಂದ್ರಗಳಲ್ಲಿ ತಿರಸ್ಕೃತವಾದ ಮಾಲಿನ ವಿವರವನ್ನೂ ಲಗತ್ತಿಸಿ, ತಮ್ಮ ಅಭಿಪ್ರಾಯದೊಂದಿಗೆ ಕಳುಹಿಸಬೇಕು. ಆಮದು ಆದೇಶದ ಕುರಿತ ಲಿಖಿತ ಉತ್ತರ ಮಾರ್ಚ್ 31ರೊಳಗೆ ನಮಗೆ ತಲುಪಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಕಲಬುರಗಿ ನಗರ ಮತ್ತು ಕಮಲಾಪುರ ತಾಲ್ಲೂಕಿನ ನಾಗರಿಕರು
(ಸಹಿಗಳ ಪಟ್ಟಿ ಲಗತ್ತಿಸಿದೆ)